ರೊಟ್ಟಿಕಲ್ಲುಗಳ ನಡುವೆ ಸಾರಂಗಿ

ಕುಕನೂರಿನ ನಮ್ಮ ಓಣಿಗೆ ಹಾಡುವ ಪೆಟ್ಟಿಗೆ ಬಂದದ್ದು ಕಚೇರಿಯ ಪೇಶಕಾರರು ವರ್ಗವಾಗಿ ಹೋದ ವರ್ಷ, ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲು. ಅವರ ಎರಡು ಬಂಡಿ ಸಾಮಾನಿನಲ್ಲಿ ಅದೊಂದಕ್ಕೆ ಜಾಗ ಸಾಲಲಿಲ್ಲ. ನಮ್ಮ ಮನೆಯವರು ಅದೇ ಕಚೇರಿಯಲ್ಲಿ ಕಾಗದ ಬರೆಯುವ ಕೆಲಸದಲ್ಲಿದ್ದರು. ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ತಂದು ಪಡಸಾಲೆಯ ಗೂಡಿನಲ್ಲಿ ಇಟ್ಟರು. ಹಾಡಿನ ಪ್ಲೇಟುಗಳನ್ನು ಮಾತ್ರ ಪೇಶಕಾರರ ಹೆಂಡತಿ ಕೊಡಲಿಲ್ಲ. ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಒಂದೊಂದೇ ಇಟ್ಟುಕೊಂಡು ಹೋದರು. ಹೀಗಾಗಿ ಒಂದೆರಡು ತಿಂಗಳು ಆ ಪೆಟ್ಟಿಗೆ ಬಾಯಿ ತೆರೆದು ಸುಮ್ಮನೆ ಕೂತಿತ್ತು. ನನ್ನ ದೊಡ್ಡ ಮಗಳು ಅದರ ತುತ್ತೂರಿಯಲ್ಲಿ ಶೇಂಗಾ ತುಂಬಿಡುತ್ತಿದ್ದಳು.

ಆಮೇಲೆ ಪ್ಲೇಟುಗಳು ಒಂದೊಂದಾಗಿ ಬಂದವು. ಆದರೆ ಒಂದೂ ನಮ್ಮದಲ್ಲ. ಪೆಟ್ಟಿಗೆ ನಮ್ಮದು, ಪ್ಲೇಟು ಓಣಿಯ ಹೆಂಗಸರದು. ಅಮಾವಾಸ್ಯೆಯ ದಿನ ಎತ್ತಿಗೆ ನೊಗ ಹಾಕುವುದಿಲ್ಲ, ಹೊಲದ ಕೆಲಸ ಇರುವುದಿಲ್ಲ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು ಎಲ್ಲರೂ ತಮ್ಮ ತಮ್ಮ ಪ್ಲೇಟನ್ನು ಸೆರಗಿನೊಳಗೆ ಮುಚ್ಚಿಕೊಂಡು ನಮ್ಮ ಪಡಸಾಲೆಗೆ ಬರುತ್ತಿದ್ದರು. ಯಾರೂ ಕೂತು ಮಾಡಿದ್ದಲ್ಲವಾದರೂ ಕಟ್ಟಳೆಯೊಂದು ತಾನಾಗಿ ಬೆಳೆದಿತ್ತು. ಪ್ಲೇಟು ತಂದವಳು ಅದನ್ನು ಯಾಕೆ ಕೇಳಬೇಕು ಎಂದು ಮೊದಲು ಹೇಳಬೇಕು. ಪೆಟ್ಟಿಗೆಗೆ ಕೀಲಿಯನ್ನೂ ಅವಳೇ ಕೊಡಬೇಕು. ಎರಡೂ ಮಗ್ಗುಲು ಮುಗಿಯುವ ತನಕ ಯಾರೂ ತುಟಿ ಬಿಚ್ಚಬಾರದು. ಮುಗಿದ ಮೇಲೆ ಎಷ್ಟು ಬೇಕಾದರೂ ಜಗಳ.

ಜಗಳದಲ್ಲಿ ಮುಂದಿರುತ್ತಿದ್ದವರು ಇಬ್ಬರು. ಹುಲಿಗವ್ವ ನಾಲ್ಕು ಜೋಡಿ ಎತ್ತಿನ ಮನೆಯವಳು. ಅವಳ ಪ್ಲೇಟು ನಾಟಕದ ಹಾಡಿನದು. ದರ್ಜಿ ಮೌಲಾಹುಸೇನರ ಹೆಂಡತಿ ಗೌಸಬೀಯ ತವರು ಗಂಗಾವತಿ. ಅವಳ ಪ್ಲೇಟಿನಲ್ಲಿ ಒಬ್ಬ ಹೆಂಗಸು ಹಿಂದುಸ್ತಾನಿಯಲ್ಲಿ ಹಾಡುತ್ತಿದ್ದಳು.

“ನನ್ನ ಪ್ಲೇಟಿನವ ಎದುರಿಗೆ ಹಾಡಿದ್ದು ಕುಷ್ಟಗ್ಯಾಗ ಕೇಳೀನಿ,” ಎನ್ನುತ್ತಿದ್ದಳು ಹುಲಿಗವ್ವ. “ಇದು ಅದರ ನೆಳ್ಳು ಅಷ್ಟ. ಮೂರನೇ ಆಟಕ್ಕ ಅವಂಗ ಗಂಟಲಾ ಬಿದ್ದಿತ್ತು. ಆ ಬಿದ್ದ ಗಂಟಲಾಗ ಹಾಡಿದ ನೋಡ್ರಿ, ಅದು ಹಾಡು! ಆ ಕಂಪನಿ ಮತ್ತ ಬಂದ್ರ ಮೂರನೇ ಆಟಕ್ಕ ಹೋಗ್ರಿ, ಮೊದಲನೇದಕ್ಕ ಹೋಗಬ್ಯಾಡ್ರಿ.”

“ಬಿದ್ದ ಗಂಟಲಾ ಕೇಳಾಕ ಕುಷ್ಟಗಿತನಾ ಯಾಕ ಹೋಗಬೇಕವ್ವಾ?” ಗೌಸಬೀ ಕೇಳುತ್ತಿದ್ದಳು. “ನಮ್ಮ ಮನಿಯವರು ದಿನಾ ಮುಂಜಾನೆ ಪುಕ್ಕಟ ಕೆಮ್ಮತಾರ.”

ಮೂರನೆಯವಳು ಫಕೀರಮ್ಮ. ಗಂಡ ಇಲ್ಲ, ಮಕ್ಕಳಿಲ್ಲ. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಯಾರು ಕರೆದರೆ ಅವರ ಹೊಲಕ್ಕೆ. ಅವಳಿಗೆ ಪ್ಲೇಟು ಇರಲಿಲ್ಲ. ಬಾಗಿಲ ತೋಳಿಗೆ ಒರಗಿ ಕೂತು, ನನ್ನ ಮೊರದಲ್ಲಿದ್ದ ಕಾಳನ್ನು ಕೇಳದೆಯೇ ಎಳೆದುಕೊಂಡು ಹಸನು ಮಾಡುತ್ತಾ ಕೇಳುತ್ತಿದ್ದಳು. ಒಂದು ಅಮಾವಾಸ್ಯೆ ಗೌಸಬೀಯ ಪ್ಲೇಟು ಮುಗಿದ ಕೂಡಲೇ ಅವಳ ಬಾಯಿಂದ ಮಾತು ಬಂತು.

“ಆ ಹಾಡೂ ಬಾಯಾರ ಹಿಂದ ಒಂದು ಸಾರಂಗಿ ಐತಲ್ರಿ. ಆಕಿ ಅಳೂಕ್ಕಿಂತ ಮೊದಲ ಅದು ಅಳತೈತಿ. ಆಕಿ ಅದನ್ನ ನೋಡಿ ಅಳತಾಳ.”

ಗೌಸಬೀ ಬೆರಗಾಗಿ ಅವಳ ಕಡೆ ತಿರುಗಿದಳು. ಆ ಪ್ಲೇಟನ್ನು ನೂರು ಸಲ ಕೇಳಿದ್ದರೂ ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ಆದರೆ ಅಷ್ಟರಲ್ಲಿ ಹುಲಿಗವ್ವ ತನ್ನ ಪ್ಲೇಟು ಹಾಕಲು ಎದ್ದಿದ್ದಳು. “ಪ್ಲೇಟ ಇದ್ದವರು ಮಾತಾಡ್ರಿ,” ಎಂದಳು.

ಅವಳ ಮನಸ್ಸಿನಲ್ಲಿ ವಿಷವೇನೂ ಇರಲಿಲ್ಲ. ನಾಲಿಗೆ ಹಾಗೆ, ಅಷ್ಟೆ. ಫಕೀರಮ್ಮ ಮುಂದಿನ ಅಮಾವಾಸ್ಯೆಗಳಿಗೂ ಬಂದಳು, ಕಾಳು ಹಸನು ಮಾಡಿದಳು. ಮಾತು ಮಾತ್ರ ಮತ್ತೆ ಆಡಲಿಲ್ಲ.

ಮುಂದಿನ ಬೇಸಿಗೆ ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆಂದು ಅವಳು ಕೊಪ್ಪಳದ ಕಡೆ ಹೋದಳು. ತಿಂಗಳ ಮೇಲೆ ತಿರುಗಿ ಬಂದದ್ದು ಅಮಾವಾಸ್ಯೆಯ ಹಿಂದಿನ ದಿನ. ಮರುದಿನ ಎಲ್ಲರಿಗಿಂತ ಮೊದಲು ನಮ್ಮ ಮನೆಗೆ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಹಳೆಯ ಸೀರೆಯ ಗಂಟು. ಹುಲಿಗವ್ವ, ಗೌಸಬೀ ಬಂದು ಕೂತ ಮೇಲೆ ಗಂಟು ಬಿಚ್ಚಿದಳು. ಒಳಗೆ ಹೊಸ ಪ್ಲೇಟು.

“ಕೊಪ್ಪಳದ ಅಂಗಡಿ ಮದಾರಸಾಬರು ಬ್ಯಾಡ ಅಂದ್ರು,” ಎಂದು ಶುರುಮಾಡಿದಳು. “ಇದರಾಗ ಹಾಡಿಲ್ಲ, ಬರೇ ಸಾರಂಗಿ, ಯಾರೂ ಒಯ್ಯಂಗಿಲ್ಲ ಅಂದ್ರು. ನಾ ಅಂಗಡಿ ಹೊರಗ ನಿಂತು ಮೂರು ಸಲ ಕೇಳೀನ್ರಿ. ಇದನ್ನ ಯಾಕ ಕೇಳಬೇಕಂದ್ರ, ಇದರಾಗ ಮಾತಿಲ್ಲ. ಮಾತಿದ್ರ ಅದು ಹಾಡಿದವರ ಕತಿ ಆಗತೈತಿ. ಮಾತಿಲ್ಲಂದ್ರ ಕಳೆ ತಗಿಯುವಾಗ ನನ್ನ ಮಾತು ನಾ ಹಾಕ್ಕೋಬಹುದು.”

ಇಷ್ಟು ಹೇಳಿ, ಮೊದಲ ಸಲ ನಮ್ಮ ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದಳು. ಕೀಲಿ ಕೊಟ್ಟಳು. ನಾನು ಮುಳ್ಳು ಇಳಿಸಿದೆ. ಮುಳ್ಳು ಒಂದು ಸಲ ಕಿರ್ ಎಂದು ಹಾರಿತು, ಮತ್ತೆ ಬಿದ್ದಿತು, ಮತ್ತೆ ಹಾರಿತು. ಆಗ ಕಣ್ಣಿಗೆ ಬಿತ್ತು. ಪ್ಲೇಟು ತಿರುಗುತ್ತಾ ಒಂದು ಕಡೆ ಏಳುತ್ತಿತ್ತು, ಇನ್ನೊಂದು ಕಡೆ ಇಳಿಯುತ್ತಿತ್ತು. ಭಾನಾಪುರದಲ್ಲಿ ರೈಲು ಇಳಿದು, ಬುಟ್ಟಿಯ ಎಲ್ಲ ಸಾಮಾನಿನ ಮೇಲೆ ಜೋಪಾನವಾಗಿ ಅದನ್ನಿಟ್ಟು, ಸುಡುಬಿಸಿಲಿನಲ್ಲಿ ತಲೆಯ ಮೇಲೆ ಹೊತ್ತು ಕುಕನೂರಿನ ತನಕ ನಡೆದು ಬಂದಿದ್ದಳು. ಕೆಳಗಿಟ್ಟರೆ ಭಾರಕ್ಕೆ ಒಡೆದೀತೆಂಬ ಹೆದರಿಕೆ. ಬಿಸಿಲಿಗೆ ಅದು ಸೊಟ್ಟಗಾಗಿತ್ತು.

“ಫಕೀರಮ್ಮಾ, ಹಪ್ಪಳ ತಂದೀಯಲ್ಲ!” ಎಂದಳು ಹುಲಿಗವ್ವ. ನನ್ನ ಕಡೆ ತಿರುಗಿ, “ಪಾರವ್ವಾ, ಎಣ್ಣಿ ಕಾಸಾಕ ಇಡು,” ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಫಕೀರಮ್ಮ ಹಿಡಿಕೆಯಿಂದ ಕೈ ತೆಗೆದು ಪ್ಲೇಟನ್ನು ಮತ್ತೆ ಸೀರೆಯಲ್ಲಿ ಸುತ್ತತೊಡಗಿದಳು. ಕೂಸನ್ನು ಸುತ್ತುವ ಹಾಗೆ ನಿಧಾನವಾಗಿ ಸುತ್ತಿದಳು. ಆಗ ನನ್ನ ನಗು ನನಗೇ ಚುಚ್ಚಿತು.

“ಇಲ್ಲೇ ಬಿಡು, ನೋಡೂಣು,” ಎಂದೆ.

“ಏನ್ ನೋಡತೀರಿ?”

“ಇನ್ನೂ ಗೊತ್ತಿಲ್ಲ. ಬಿಟ್ಟು ಹೋಗು.”

ಗೊತ್ತಾದದ್ದು ಮೂರು ದಿನದ ಮೇಲೆ, ರೊಟ್ಟಿ ಮಾಡುವಾಗ. ಖಡಕ್ ರೊಟ್ಟಿ ಮಾಡುವ ಯಾವ ಹೆಂಗಸಿಗೂ ಇದು ಗೊತ್ತಿದ್ದ ಸಂಗತಿ. ಬೆಂದ ರೊಟ್ಟಿಯನ್ನು ಹಾಗೇ ಬಿಟ್ಟರೆ ಅಂಚು ಮೇಲೆದ್ದು ಸೊಟ್ಟಗಾಗುತ್ತದೆ. ಬಿಸಿ ಇದ್ದಾಗಲೇ ಅರಿವೆಯಿಂದ ಒತ್ತಿ ಹಿಡಿದರೆ ತಾಟಿನ ಹಾಗೆ ಸಪಾಟಾಗುತ್ತದೆ. ಆರಿದ ಮೇಲೆ ಒತ್ತಿದರೆ ಮುರಿಯುತ್ತದೆ. ಬಿಸಿಲಿಗೆ ಸೊಟ್ಟಗಾದದ್ದು ಬಿಸಿಲಿಗೇ ನೆಟ್ಟಗಾಗಬೇಡವೇ?

ಮೊದಲು ಫಕೀರಮ್ಮನ ಪ್ಲೇಟಿಗೆ ಕೈ ಹಾಕಲು ಧೈರ್ಯ ಸಾಲಲಿಲ್ಲ. ಹುಲಿಗವ್ವ ತಾನು ತಂದ ಮೊಟ್ಟಮೊದಲ ಪ್ಲೇಟಿನ ಮೇಲೆ ತಾನೇ ಕೂತು ಮುರಿದಿದ್ದಳು. ಅದರ ಚೂರುಗಳು ಗೂಡಿನಲ್ಲಿದ್ದವು. ಒಂದು ಚೂರನ್ನು ಅಂಗಳದ ಕಲ್ಲಿನ ಅಂಚಿಗೆ ಬಿಸಿಲಿನಲ್ಲಿಟ್ಟೆ. ನನ್ನ ಸಣ್ಣ ಕೂಸಿಗೆ ನೀರು ಹಾಕಿ ಬರುವುದರೊಳಗೆ ಅದು ಎಮ್ಮೆಯ ಕಿವಿಯ ಹಾಗೆ ಜೋತುಬಿದ್ದಿತ್ತು. ಎರಡನೇ ಚೂರನ್ನು ಅರಿವೆಯಲ್ಲಿ ಸುತ್ತಿ ಎರಡು ಕಲ್ಲಿನ ನಡುವೆ ಇಟ್ಟೆ. ಸಪಾಟಾಯಿತು, ಆದರೆ ಅರಿವೆಯ ಎಳೆಯೆಲ್ಲ ಅದರ ಮೈಮೇಲೆ ಮೂಡಿತು. ಮೂರನೆಯದನ್ನು ಅರಿವೆಯಿಲ್ಲದೆ ಇಟ್ಟು, ಬಟ್ಟೆ ಒಗೆಯಲು ಹೋಗಿ ತಡಮಾಡಿದೆ. ಅದರ ಗೆರೆಗಳೇ ಅಳಿಸಿ ಕನ್ನಡಿಯಾಗಿತ್ತು. ನಾಲ್ಕನೆಯದು ಸರಿ ಬಂತು. ಎಷ್ಟು ಹೊತ್ತೆಂದರೆ, ಅಂಗಳದ ನೆರಳು ಒಂದು ಗೇಣು ಸರಿಯುವಷ್ಟು. ಕಲ್ಲು ನುಣುಪಾಗಿರಬೇಕು, ನಡುವೆ ಏನೂ ಇರಬಾರದು. ಆಮೇಲೆ ನೆರಳಿಗೆ ಎಳೆದು, ತಾನಾಗಿ ಆರುವ ತನಕ ಮುಟ್ಟಬಾರದು.

ಅಂಥ ನುಣುಪಿನ ಕಲ್ಲು ಎಂದರೆ ರೊಟ್ಟಿ ಬಡಿಯುವ ಕಲ್ಲೇ. ನನ್ನ ಅತ್ತೆಯ ಅಂಗೈಯೂ ನನ್ನ ಅಂಗೈಯೂ ಸವೆಸಿ ಸವೆಸಿ ನುಣುಪು ಮಾಡಿದ ಕಲ್ಲು ನಮ್ಮ ಮನೆಯಲ್ಲಿ ಒಂದಿತ್ತು. ಬೇಕಾದದ್ದು ಎರಡು. ಗೌಸಬೀಯ ಬಳಿಗೆ ಹೋದೆ.

“ಒಯ್ಯಿರಿ,” ಎಂದಳು. “ಎರಡು ದಿನ ಅನ್ನ ಉಣ್ಣಲಿ ನಮ್ಮ ಮನಿಯವರು. ರೊಟ್ಟಿ ಎಲ್ಲೈತಿ ಅಂತ ಕೇಳಿದ್ರ, ಕಲ್ಲು ಹಾಡು ಕಲಿಯಾಕ ಹೋಗೈತಿ ಅಂತೀನಿ.”

ಫಕೀರಮ್ಮ ಈ ನಡುವೆ ದಿನವೂ ಹೊಲದಿಂದ ಬರುತ್ತಾ ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಂದು ದಿನ ಮಜ್ಜಿಗೆ ಬೇಡುವಳು, ಒಂದು ದಿನ ಒಲೆಗೆ ಕೆಂಡ. ಪ್ಲೇಟಿನ ಮಾತು ಎತ್ತುತ್ತಿರಲಿಲ್ಲ. ಕಣ್ಣು ಮಾತ್ರ ಗೂಡಿನ ಕಡೆಗೆ. ಅವತ್ತು ಅವಳನ್ನು ಒಳಗೆ ಕರೆದು ನಾಲ್ಕೂ ಚೂರು ತೋರಿಸಿದೆ.

“ಮೂರು ಕೆಡಿಸಿ ಒಂದು ಕಲ್ತೀನಿ ಫಕೀರಮ್ಮಾ. ನಿಂದು ಒಂದ ಐತಿ. ಸೀಳಿದ್ರ ನನ್ನ ಕೈಲಿಂದ ಸೀಳತೈತಿ. ನೀ ಹೂಂ ಅಂದ್ರ ಇಡತೀನಿ, ಇಲ್ಲಂದ್ರ ಇಲ್ಲ.”

ಅವಳು ಕನ್ನಡಿಯಾದ ಚೂರನ್ನು ಬಹಳ ಹೊತ್ತು ಹಿಡಿದು ನೋಡಿದಳು. “ಈಗೇನ್ ನನ್ನ ಪ್ಲೇಟ ಹಾಡಾಕತ್ತೈತೇನ್ರಿ?” ಎಂದಳು. “ಇಡ್ರಿ. ನಾಳೆ ನಾ ಕೂಲಿಗೆ ಹೋಗಂಗಿಲ್ಲ. ನಿಮ್ಮ ಕೂಸು ಹಿಡಕೋತೀನಿ.”

ಮರುದಿನ ಸೂರ್ಯ ನೆತ್ತಿಗೆ ಬಂದಾಗ ಕೆಳಗೆ ನನ್ನ ಕಲ್ಲು, ಮೇಲೆ ಪ್ಲೇಟು, ಅದರ ಮೇಲೆ ಗೌಸಬೀಯ ಕಲ್ಲು. ಕೋಳಿ ಬಾರದಂತೆ ನಾನು ಕೂತೆ. ಪಡಸಾಲೆಯಲ್ಲಿ ಫಕೀರಮ್ಮ ನನ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಬೆನ್ನು ತಟ್ಟುತ್ತಾ ಏನೋ ಗುನುಗುತ್ತಿದ್ದಳು. ಮಾತಿರಲಿಲ್ಲ ಅದರಲ್ಲಿ. ಏರುತ್ತಿತ್ತು, ನಿಂತು ತಡೆಯುತ್ತಿತ್ತು, ಎಳೆದುಕೊಂಡು ಇಳಿಯುತ್ತಿತ್ತು. ಮದಾರಸಾಬರ ಅಂಗಡಿಯ ಹೊರಗೆ ಅವಳು ಕೇಳಿದ್ದು ಅದೇ ಇರಬೇಕು. ದಿನವೆಲ್ಲ ಹಟ ಮಾಡುವ ಕೂಸು ಬಾಯಲ್ಲಿ ಬೆರಳಿಟ್ಟುಕೊಂಡು ಕೇಳುತ್ತಿತ್ತು. ಇನ್ನು ಈ ಪ್ಲೇಟು ಸೀಳಿದರೂ ಅವಳ ಸಾರಂಗಿ ಎಲ್ಲಿಯೂ ಹೋಗುವುದಿಲ್ಲ ಎಂದು ನನಗೆ ಅನ್ನಿಸಿತು. ಆದರೆ ಅದು ಅವಳಿಗೆ ಸಾಲದು. ನಾವು ಕೇಳಬೇಕು.

ನೆರಳು ಒಂದು ಗೇಣು ಸರಿಯಿತು. ಇಬ್ಬರೂ ಕೂಡಿ ಕಲ್ಲುಗಳನ್ನು ನೆರಳಿಗೆ ಎಳೆದೆವು. ಅಂದು ರಾತ್ರಿ ನಮ್ಮ ಮನೆಯಲ್ಲೂ ಅನ್ನವೇ. ಬೆಳಿಗ್ಗೆ ಕಲ್ಲು ಎತ್ತಿದಾಗ ಪ್ಲೇಟು ಇಡಿಯಾಗಿತ್ತು. ಅಂಚಿನಲ್ಲಿ ಒಂದು ಕಡೆ ಮಾತ್ರ, ಮುನಿಸಿಕೊಂಡ ಮಗುವಿನ ತುಟಿಯ ಹಾಗೆ, ತುಸು ಎದ್ದಿತ್ತು. ಅದನ್ನು ನಾನು ಹಾಗೇ ಬಿಟ್ಟೆ. ಇನ್ನೊಮ್ಮೆ ಕಾಸುವ ಆಸೆ ಬೇಡ ಎನ್ನಿಸಿತು. ಮುಳ್ಳು ಇಟ್ಟೂ ನೋಡಲಿಲ್ಲ. ಅದಕ್ಕೆ ಕೀಲಿ ಕೊಡುವ ಕೈ ನನ್ನದಲ್ಲ.

ಅಮಾವಾಸ್ಯೆ ಬಂತು. ಹುಲಿಗವ್ವ ಮೆಟ್ಟಿಲು ಹತ್ತುತ್ತಲೇ, “ಏನವಾ ಪಾರವ್ವಾ, ರೊಟ್ಟಿ ಬೆಂತೇನು?” ಎಂದಳು.

“ಬೆಂದೈತಿ,” ಎಂದಳು ಗೌಸಬೀ. “ನೀ ಮಾತ್ರ ಅದರ ಮ್ಯಾಲ ಕುಂದರಬ್ಯಾಡ.”

ಈ ಸಲದ ನಗು ಬೇರೆ ಕಡೆಗೆ ತಿರುಗಿತು. ಹುಲಿಗವ್ವನೂ ನಕ್ಕಳು.

ಫಕೀರಮ್ಮ ಯಾಕೆ ಕೇಳಬೇಕೆಂಬುದನ್ನು ಎರಡನೇ ಸಲ ಹೇಳಲಿಲ್ಲ. ಒಂದು ಸಲ ಹೇಳಿಯಾಗಿತ್ತು. ಕೀಲಿ ಕೊಟ್ಟಳು. ನಾನು ಮುಳ್ಳು ಇಳಿಸಿದೆ. ಎದ್ದ ಅಂಚಿನ ಮೇಲೆ ಮುಳ್ಳು ದೋಣಿಯ ಹಾಗೆ ಏರಿತು, ಇಳಿಯಿತು. ಸ್ವರವೂ ಅದರ ಜೊತೆ ನಾಲ್ಕು ಸುತ್ತು ತೂಗಾಡಿತು. ಹಾರಲಿಲ್ಲ. ಒಳಗಿನ ಸುತ್ತಿಗೆ ಬಂದ ಮೇಲೆ ಸ್ಥಿರವಾಯಿತು. ಆಮೇಲೆ ಸಾರಂಗಿ ತಾನೊಂದೇ, ಯಾರ ಹಿಂದೆಯೂ ಅಲ್ಲ, ಪಡಸಾಲೆಯ ನಡುವೆ ಬಂದು ಕೂತಿತು. ಕೇಳುತ್ತಾ ಕೇಳುತ್ತಾ ನಾನು ಮನಸ್ಸಿನಲ್ಲಿ ನನ್ನ ತಾಯಿಯ ಹಿತ್ತಲಿನಲ್ಲಿದ್ದೆ. ಉಳಿದವರು ಎಲ್ಲಿದ್ದರೋ ನಾನು ಹೇಗೆ ಹೇಳಲಿ?

ಮಗ್ಗುಲು ಬದಲಾಯಿಸಿದೆವು. ಅದೂ ಮುಗಿಯಿತು. ಜಗಳದ ಹೊತ್ತು ಬಂದಿತ್ತು. ಯಾರೂ ಶುರುಮಾಡಲಿಲ್ಲ. ಗೌಸಬೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಹುಲಿಗವ್ವ ತನ್ನ ಪ್ಲೇಟನ್ನು ಸೆರಗಿನಿಂದ ಹೊರಗೆ ತೆಗೆದಿರಲೇ ಇಲ್ಲ.

“ಮೊದಲಿಗೆ ತೂಗಾಡತೈತಲ್ಲ,” ಎಂದಳು ಕೊನೆಗೆ, “ಅದು ಪ್ಲೇಟಿನ ಸೊಟ್ಟೋ, ಬಾರಿಸಿದವನ ಕೈಯೋ?”

“ಪ್ಲೇಟಿನ ಸೊಟ್ಟರಿ,” ಎಂದಳು ಫಕೀರಮ್ಮ. “ಅಂಗಡ್ಯಾಗ ಅದು ಇರಲಿಲ್ಲ.”

“ಇರಲಿ. ಛಲೋ ಐತಿ. ತೊಟ್ಟಿಲಾ ತೂಗಿದಂಗ ಐತಿ.” ಹುಲಿಗವ್ವ ಫಕೀರಮ್ಮ ಕೂತಿದ್ದ ಬಾಗಿಲ ತೋಳಿನ ಕಡೆ ಸರಿದು ಕೂತಳು. “ದೀಪಾವಳಿಗೆ ನಮ್ಮವರು ಕೊಪ್ಪಳಕ್ಕ ಹೊಂಟಾರ. ನಾನೂ ಹೋಗಾಕಿ. ಆ ಮದಾರಸಾಬನ ಅಂಗಡ್ಯಾಗ ಇನ್ನ ಏನೇನ್ ಕೇಳಿದೀ, ಹೇಳು. ಯಾವುದು ತರಲಿ ನಾ?”

ಫಕೀರಮ್ಮ ಅವಸರ ಮಾಡಲಿಲ್ಲ. ಮೊರದ ಕಾಳನ್ನು ಒಂದು ಕಡೆಗೆ ಸರಿಸಿ, ಕೈ ಒರೆಸಿಕೊಂಡಳು.

“ಮೂರು ಅದಾವ್ರಿ ಛಲೋವು,” ಎಂದಳು. “ಒಂದೊಂದಾಗಿ ಹೇಳತೀನಿ ಕೇಳ್ರಿ. ಆದ್ರ ಒಂದು ಮಾತು. ಯಾವುದ ತಂದ್ರೂ ನೆಳ್ಳಾಗ ತರ್ರಿ.”