ಮೆಟ್ಟಿಲಿಲ್ಲದ ಮಾಳಿಗೆ

ಹಣಮಮ್ಮ ಆ ಅಟ್ಟದಲ್ಲಿ ಒಂದು ದಿನವೂ ನೆಟ್ಟಗೆ ನಿಂತವಳಲ್ಲ. ನಿಲ್ಲಲು ಜಾಗ ಇದ್ದರಲ್ಲವೇ? ಎರಡೂ ಕಡೆ ಇಳಿಜಾರಾಗಿ ತಗಡು. ನಟ್ಟನಡುವೆ, ತೊಲೆಯ ಕೆಳಗೆ ಮಾತ್ರ ದೊಡ್ಡವರು ಕತ್ತು ಬಗ್ಗಿಸಿ ನಿಲ್ಲಬಹುದು. ಅಲ್ಲಿಂದ ಸ್ವಲ್ಪ ಅತ್ತ ಸರಿದರೆ ಮಂಡಿ ಊರಬೇಕು, ಇನ್ನೂ ಅತ್ತ ಹೋದರೆ ತೆವಳಬೇಕು. ಶಹಾಬಾದದ ಬಿಸಿಲು ಗೊತ್ತಿದ್ದವರಿಗೆ ತಗಡಿನ ಕೆಳಗಿನ ಬದುಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರು ತುಂಬ ಕಲ್ಲು. ಅಂಗಳಕ್ಕೆ ಕಲ್ಲು, ಗೋಡೆಗೆ ಕಲ್ಲು, ಛತ್ತಿಗೆ ಕಲ್ಲು, ಇಲ್ಲಿಂದ ರೈಲು ಹತ್ತಿ ಎಲ್ಲೆಲ್ಲಿಗೋ ಹೋಗುವ ಕಲ್ಲು. ಅದನ್ನು ಖಣಿಯಿಂದ ಎಬ್ಬಿಸುವವರ ತಲೆಯ ಮೇಲೆ ಮಾತ್ರ ತಗಡು. ಯಾರು ಹಾಕಿಕೊಟ್ಟ ಹಿಸ್ಸೆಯೋ ಇದು, ನನಗಂತೂ ಗೊತ್ತಿಲ್ಲ.

ನನ್ನ ಹೆಸರು ಕಲ್ಯಾಣಪ್ಪ. ಹಿಟ್ಟಿನ ಗಿರಣಿ ನಡೆಸುತ್ತೇನೆ. ಗಿರಣಿಯವನಿಗೆ ಕಿವಿ ಮಂದ ಎಂದು ಜನ ತಿಳಿದಿರುತ್ತಾರೆ, ಹಾಗಾಗಿ ನನ್ನೆದುರು ಎಲ್ಲವನ್ನೂ ಆಡುತ್ತಾರೆ. ನನ್ನ ಗಿರಣಿಯ ಎದುರಿಗೇ ಗುರುರಾಜ ಮಾಸ್ತರರ ಮನೆಯ ಹಿತ್ತಿಲ ಬಾಗಿಲು. ಹೈಸ್ಕೂಲಿನ ಹೆಡ್ಮಾಸ್ತರರು ಅವರು. ಹಿತ್ತಿಲಲ್ಲಿ ಒಂದು ದನದ ಕೊಟ್ಟಿಗೆ, ಅದರ ಮೇಲೆ ಮೇವು ಒಟ್ಟುತ್ತಿದ್ದ ಅಟ್ಟ. ದನ ಮಾರಿದ ಮೇಲೆ ಅಟ್ಟ ಖಾಲಿ ಬಿತ್ತು. ಅದನ್ನೇ ಹಣಮಮ್ಮನ ಗಂಡ ದೇವೀಂದ್ರಪ್ಪನಿಗೆ ಬಾಡಿಗೆಗೆ ಕೊಟ್ಟರು. ಮೇವು ಇದ್ದ ಕಡೆ ಮನುಷ್ಯರು ಬಂದರು.

ದೇವೀಂದ್ರಪ್ಪ ಕಾಗಿಣಾ ದಂಡೆಯವನು. ಅವನ ಅಪ್ಪ ದೋಣಿ ನಡೆಸುತ್ತಿದ್ದ. ಹೊಳೆಗೆ ಸೇತುವೆ ಬಂತು, ದೋಣಿ ಮೂಲೆಗೆ ಬಿತ್ತು, ಆಮೇಲೆ ಒಲೆಗೆ ಹೋಯಿತು. ದೋಣಿ ತಳ್ಳುತ್ತಿದ್ದ ಎರಡು ಬಿದಿರ ಗಳ ಮಾತ್ರ ಉಳಿದವು. ಮಗ ಊರು ಬಿಟ್ಟು ಕಲ್ಲಿನ ಖಣಿಗೆ ಬಂದ, ಗೋಡೆ ಕಟ್ಟುವ ಗೌಂಡಿ ಕೆಲಸವನ್ನೂ ಕಲಿತ. ಆ ಎರಡು ಗಳಗಳಿಗೆ ಅಡ್ಡಕೋಲು ಬಿಗಿದು ಏಣಿ ಮಾಡಿಕೊಂಡ. ಅಟ್ಟಕ್ಕೆ ಹತ್ತಿ ಇಳಿಯಲು ಅದೊಂದೇ ದಾರಿ. ಮಾಸ್ತರರು ಅಟ್ಟ ಕೊಟ್ಟಿದ್ದರೇ ಹೊರತು ಅದಕ್ಕೆ ಹತ್ತುವ ದಾರಿ ಕೊಟ್ಟಿರಲಿಲ್ಲ.

ಅವನ ಮಗಳು ಶ್ರುತಿ ಮಾಸ್ತರರ ಶಾಲೆಯಲ್ಲೇ ಎಂಟನೇ ಕ್ಲಾಸು. ಹುಡುಗಿ ಒಂದೇ ವರ್ಷದಲ್ಲಿ ಸರಸರ ಬೆಳೆದಳು. ಅಟ್ಟ ಬೆಳೆಯಲಿಲ್ಲ. ಬಗ್ಗಿ ಬಗ್ಗಿ ಅವಳಿಗೆ ಎಂಥ ರೂಢಿಯಾಯಿತೆಂದರೆ ಬಯಲಲ್ಲಿ, ಆಕಾಶದ ಕೆಳಗೆ ನಡೆಯುವಾಗಲೂ ಕತ್ತು ಬಾಗಿಯೇ ಇರುತ್ತಿತ್ತು. ಒಂದು ದಿನ ಹಣಮಮ್ಮ ಜೋಳ ಹಿಡಿದು ಗಿರಣಿಗೆ ಬಂದಳು. ಮುಖ ಕೆಂಡವಾಗಿತ್ತು.

"ಪ್ರಾರ್ಥನಾದಾಗ ಮಾಸ್ತರ್ರು ಎಲ್ಲಾರ ಮುಂದ ನಿಂದ್ರಸಿ ಅಂದಾರ ನೋಡು ಕಲ್ಯಾಣಣ್ಣ. ತಲಿ ಎತ್ತಿ ನಿಂದ್ರು, ಕುತ್ತಿಗ್ಗೇನು ಕಲ್ಲು ಕಟ್ಟೀಯೇನು ಅಂತ. ಪೋರಿ ಅಳಕೋತ ಬಂದಾಳ. ಯಾರ ಅಟ್ಟದಾಗ ಇದ್ದು ಆಕಿ ಕುತ್ತಿಗಿ ಬಗ್ಗ್ಯಾದ ಅಂತ ಆ ಮನಷ್ಯಾಗ ಗೊತ್ತಿಲ್ಲೇನು?"

ಗೊತ್ತಿಲ್ಲದೆ ಏನು? ತಿಂಗಳು ತಿಂಗಳು ಬಾಡಿಗೆಗೆ ಕೈ ಚಾಚುವಾಗ ಗೊತ್ತಿರುತ್ತದಲ್ಲ.

ಮರುದಿನವೇ ದೇವೀಂದ್ರಪ್ಪ ಮಾಸ್ತರರನ್ನು ಹಿತ್ತಿಲ ಬಾಗಿಲಲ್ಲಿ ಹಿಡಿದ. ನಾನು ಗಿರಣಿ ಬಂದ್ ಮಾಡಿ, ಸವೆದ ಬೀಸುವ ಕಲ್ಲು ಕುಟ್ಟುತ್ತಾ ಕೂತಿದ್ದೆ.

"ಸರ್, ಅಟ್ಟ ಎತ್ತರ ಮಾಡ್ಕೋತೀನ್ರಿ. ತಗಡು ತಗದು, ಗೋಡಿ ಏರ್ಸಿ, ಪರ್ಸಿ ಕಲ್ಲಿನ ಛತ್ತ ಹಾಕ್ತೀನಿ. ಮಗಳು ದೊಡ್ಡಾಕಿ ಆಗ್ಯಾಳ, ನಿಂದ್ರಾಕ ಬರವಲ್ದು."

ಮಾಸ್ತರರು ಗಡ್ಡ ಕೆರೆದುಕೊಂಡರು. "ಕಬ್ಬಿಣ ತೊಲಿ ನಾ ತರಸ್ತೀನಿ. ಸಿಮೆಂಟೂ ನಾನೇ ಕೊಡ್ತೀನಿ. ಕಲ್ಲು, ಕೈ ನಿಂದು. ಕಡೀಗೆ ಒಂದು ಕಲ್ಲಿನ ಮೆಟ್ಟಲಾ ಕಟ್ಟಿಬಿಡು, ಏನು?"

"ಕಟ್ತೀನ್ರಿ. ಆಮ್ಯಾಲೆ ನಮ್ಮನ್ನ ಎಬ್ಬಸಬಾರದ್ರಿ ಮತ್ತ."

"ಹುಚ್ಚಪ್ಪಾ, ನಿನ್ನ ಮಗಳ ಲಗ್ನ ಆಗೋ ತನಕ ಆರಾಮ ಇರು. ಯಾರ್ ಕೇಳ್ತಾರ ನಿನ್ನ? ಕಲ್ಯಾಣಪ್ಪ ಕೇಳಸ್ಕೊಳ್ಳಿಕತ್ತಾನ ನೋಡು, ಅವನೇ ಸಾಕ್ಷಿ."

ನಾನು ತಲೆ ಆಡಿಸಿದೆ. ದೇವೀಂದ್ರಪ್ಪ ಎರಡೂ ಕೈ ಎತ್ತಿ ಮುಗಿದ. ಪಾಪ, ಅವನಿಗೆ ಅಷ್ಟೇ ಸಾಕಾಯಿತು.

ಚಳಿಗಾಲ ಪೂರ್ತಿ ಕೆಲಸ ನಡೆಯಿತು. ಖಣಿಗೆ ರಜೆ ಇದ್ದ ದಿನ, ಸಂಜೆ ಬೆಳಕು ಇರುವಷ್ಟು ಹೊತ್ತು. ಖಣಿಯ ಗುತ್ತೇದಾರ ಒಡಕು ಎಂದು ಬಿಸಾಕಿದ ಕಲ್ಲುಗಳನ್ನು ಕೇಳಿ ತಂದು ಗಂಡ ಹೆಂಡತಿ ಹೊತ್ತರು. ಹಣಮಮ್ಮನ ತಮ್ಮ ಚೌಡೇಶ ಬಂದ, ಅವನೂ ಗೌಂಡಿಯೇ. ಖಣಿಯಲ್ಲಿ ಜೊತೆಗೆ ದುಡಿಯುವ ಮರೆಮ್ಮ ಬಂದಳು. ಯಾರೂ ಕೂಲಿ ಕೇಳಲಿಲ್ಲ. ಹಣಮಮ್ಮನ ರೊಟ್ಟಿ, ಪುಂಡಿಪಲ್ಯ, ಅಷ್ಟೇ. ತಗಡು ಕೆಳಗಿಳಿಯಿತು. ಮನೆಮಂದಿ ಕೊಟ್ಟಿಗೆಯಲ್ಲಿ, ಗೋದಲಿಯ ಪಕ್ಕ ಮಲಗಿದರು. ಗೋಡೆ ಮೊಣಕಾಲಷ್ಟು ಏರಿತು, ಸೊಂಟದಷ್ಟು ಏರಿತು, ಆಳೆತ್ತರ ಏರಿತು. ಛತ್ತಿನ ಪರ್ಸಿಗಳನ್ನು ಅದೇ ಏಣಿಯ ಮೇಲೆ ಬೆನ್ನಿಗೆ ಕಟ್ಟಿಕೊಂಡು ಹತ್ತಿಸಿದರು. ಒಂದು ಪರ್ಸಿ ಜಾರಿ ಮರೆಮ್ಮನ ಹೆಬ್ಬೆರಳಿನ ಮೇಲೆ ಬಿತ್ತು, ಉಗುರು ಕಿತ್ತು ಹೋಯಿತು. ಆಕೆ ಸೆರಗು ಹರಿದು ಸುತ್ತಿಕೊಂಡು ಮತ್ತೆ ಕಲ್ಲಿಗೆ ಕೈ ಹಚ್ಚಿದಳು.

ಮಾಸ್ತರರ ಹೆಂಡತಿ ಪದ್ಮಾಬಾಯಿ ದಿನಾ ಕೆಳಗೆ ನಿಂತು ನೋಡುತ್ತಿದ್ದರು. "ಕಿಡಕಿ ಪೂರ್ವಕ್ಕ ಇರ್ಲಿ," ಅಂದರು. ದೇವೀಂದ್ರಪ್ಪ ಪೂರ್ವಕ್ಕೆ ಕಿಟಕಿ ಇಟ್ಟ. "ಗೂಡು ಒಂದು ದೇವರಿಗೆ ಇರ್ಲಿ," ಅಂದರು. ಗೂಡೂ ಇಟ್ಟ. ಬಾಡಿಗೆಯವನ ಖೋಲಿಗೆ ಈ ತಾಯಿಯ ಕಾಳಜಿ ಯಾಕೆ ಇಷ್ಟು ಹೆಚ್ಚಾಯಿತು ಎಂದು ಆಗಲೇ ನನಗೆ ಅನುಮಾನ. ದೇವೀಂದ್ರಪ್ಪನಿಗೆ ಹೇಳಿದರೆ ನಕ್ಕ.

ಛತ್ತು ಮುಗಿದು, ಸಂದಿಗೆಲ್ಲ ಸಿಮೆಂಟು ತುಂಬಿ, ಮೇಲೆ ನೀರು ಕಟ್ಟಿ ನಿಲ್ಲಿಸಿ, ಅದು ಗಟ್ಟಿಯಾದ ಮೇಲೆ ಹಣಮಮ್ಮ ಒಳಗೆ ಹೋದಳು. ನಡುವೆ ನಿಂತಳು. ಮೂಲೆಗೆ ಹೋಗಿ ನಿಂತಳು. ಕೈ ಮೇಲೆತ್ತಿದಳು, ಛತ್ತು ಸಿಗಲಿಲ್ಲ. ಹಿಮ್ಮಡಿ ಎತ್ತಿ ನಿಗುರಿದಳು, ಆಗಲೂ ಸಿಗಲಿಲ್ಲ. ಕಿಟಕಿಯಿಂದ ನನ್ನನ್ನು ಕೂಗಿ, "ಕಲ್ಯಾಣಣ್ಣ, ಮುಟ್ಟವಲ್ದು ನೋಡು," ಎಂದು ನಗುತ್ತಾ ಅಳುತ್ತಿದ್ದಳು. ಶ್ರುತಿ ಮಾತ್ರ ಒಳಗೆ ಬಂದವಳು ಹಳೇ ರೂಢಿಯಲ್ಲಿ ಬಗ್ಗಿಕೊಂಡೇ ಮೂಲೆಗೆ ಹೋದಳು.

ಇನ್ನು ಮೆಟ್ಟಿಲು ಉಳಿದಿತ್ತು. ಅದಕ್ಕೆಂದು ಕಲ್ಲು ತಂದು ಹಿತ್ತಿಲಲ್ಲಿ ಒಟ್ಟಿದ್ದಾಗಿತ್ತು. ಆ ದಿನ ಮಾಸ್ತರರು ಏಣಿ ಹತ್ತಿದರು. ಇಷ್ಟು ವರ್ಷ ಒಮ್ಮೆಯೂ ಹತ್ತದವರು. ಒಳಗೆ ಆ ಕಡೆಯಿಂದ ಈ ಕಡೆ ಅಡ್ಡಾಡಿದರು. ಗೋಡೆ ಬಡಿದು ನೋಡಿದರು. ಕಿಟಕಿಯ ಗಾಳಿಗೆ ಎದೆ ಒಡ್ಡಿದರು.

"ಭಾಳ ಛಲೋ ಆಗ್ಯದ ದೇವೀಂದ್ರಪ್ಪ," ಅಂದರು. "ಒಂದು ಮಾತು. ನಮ್ಮ ಪ್ರಮಿತಾನ ಗಂಡಗ ಇಲ್ಲೇ ಸಿಮೆಂಟ್ ಫ್ಯಾಕ್ಟರ್ಯಾಗ ನೌಕರಿ ಆಗ್ಯದ. ಮಗಳು ಅಳಿಯ ಇಲ್ಲೇ ಬಂದು ಇರ್ತಾರ. ವಾಸ್ತುಶಾಂತಿ ಮುಹೂರ್ತಾನೂ ಸಿಕ್ಕದ. ಅದರೊಳಗ ನೀ ಬ್ಯಾರೆ ಕಡಿ ನೋಡ್ಕೋ. ಮೆಟ್ಟಲಾ ಅಷ್ಟು ಮುಗಿಸಿ ಹೋಗು."

ಹಣಮಮ್ಮ ಅವರ ಎದುರಿಗೆ ಬಂದು ನಿಂತಳು.

"ಮಗಳ ಲಗ್ನದ ತನಕ ಅಂದಿದ್ರಿ, ಸರ್."

"ಅಂದಿದ್ದೆವ್ವಾ. ಇಲ್ಲ ಅನ್ನಂಗಿಲ್ಲ. ಅದು ಅಟ್ಟ ಇದ್ದಾಗ ಆಡಿದ್ದ ಮಾತು. ಈಗ ಇದು ಅಟ್ಟ ಎಲ್ಲದ? ಖೋಲಿ ಆಗ್ಯದಲ್ಲ."

"ಖೋಲಿ ಮಾಡಿದವ್ರು ಯಾರ್ರಿ?"

"ಜಾಗ ಯಾರದು? ಕಬ್ಬಿಣ ಯಾರದು?"

ನಾನು ಗಿರಣಿ ಬಿಟ್ಟು ಹಿತ್ತಿಲಿಗೆ ಹೋಗಿ ನಿಂತೆ. "ಸರ್, ಜಬಾನ್ ಕೊಟ್ಟಿದ್ದು ನಾ ಕೇಳೀನ್ರಿ. ನೀವೇ ಸಾಕ್ಷಿ ಅಂದಿದ್ರಿ."

ಮಾಸ್ತರರು ಏಣಿ ಇಳಿದು ಬಂದು ನನ್ನನ್ನು ನೋಡಿ ನಕ್ಕರು. "ನೀ ಗಿರಣಿ ಸಪ್ಪಳದಾಗ ಏನ್ ಕೇಳೀಯೋ ಏನೋಪಾ ಕಲ್ಯಾಣಪ್ಪ."

ಆ ನಗುವಿಗೆ ನನ್ನ ಮೈ ಉರಿದುಹೋಯಿತು. ಇಂಥವರು ಬೆಳಿಗ್ಗೆ ಎದ್ದು ಸ್ನಾನ, ಸಂಧ್ಯಾವಂದನೆ, ಮಕ್ಕಳಿಗೆ ಸತ್ಯದ ಪಾಠ. ಮಾತು ಕೊಟ್ಟದ್ದನ್ನು ಇಲ್ಲ ಅನ್ನುವುದೂ ಇಲ್ಲ, ನಡೆಸುವುದೂ ಇಲ್ಲ. ಓದಿದ ಮೋಸಕ್ಕೆ ಇಂಥ ನಾಜೂಕು ಇರುತ್ತದೆ.

ದೇವೀಂದ್ರಪ್ಪ ಸಾಮಾನು ಕಟ್ಟಿದ. ಪಾತ್ರೆ, ಕೌದಿ, ಮಗಳ ಪುಸ್ತಕದ ಚೀಲ ಒಂದೊಂದಾಗಿ ಕೆಳಗಿಳಿಸಿದ. ಎಲ್ಲ ಇಳಿದ ಮೇಲೆ ಏಣಿ ಕಳಚಿ ಹೆಗಲಿಗೆ ಇಟ್ಟುಕೊಂಡ.

"ಏ, ಏಣಿ ಎಲ್ಲಿ ಒಯ್ಲಿಕತ್ತಿ?" ಮಾಸ್ತರರು ಕೇಳಿದರು. "ಮೆಟ್ಟಲಾ?"

"ಏಣಿ ನಮ್ಮಪ್ಪಂದ್ರಿ," ಅಂದ. ಹಿತ್ತಿಲ ಬಾಗಿಲು ದಾಟಿ ಹೋದ. ಹಿಂದೆ ಹಣಮಮ್ಮ, ಹಿಂದೆ ಕತ್ತು ಬಗ್ಗಿಸಿದ ಶ್ರುತಿ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆಯ ಗೌಂಡಿಗಳಲ್ಲಿ ಒಂದು ರೀತಿ ಇದೆ. ಕೆಲಸ ಮುಗಿದ ದಿನ ಮಾಲಕ ಗೌಂಡಿಗೆ ಧೋತರ ಶಲ್ಯ ಕೊಟ್ಟು ಆಯೇರಿ ಮಾಡುತ್ತಾನೆ. ಗೌಂಡಿ ಅದನ್ನು ಹೆಗಲಿಗೆ ಹಾಕಿಕೊಂಡರೆ ಕೆಲಸ ಅವನ ಕೈ ಬಿಟ್ಟಿತು ಎಂದು ಅರ್ಥ. ಹಾಕಿಕೊಳ್ಳುವ ತನಕ ಅದು ಅವನದೇ ಕೆಲಸ. ಬೇರೆ ಗೌಂಡಿ ಅದಕ್ಕೆ ಕರಣಿ ಮುಟ್ಟಿಸುವುದಿಲ್ಲ. ಕಲ್ಲು ಕಟ್ಟಿ ಬದುಕುವವರ ಊರಲ್ಲಿ ಇದು ಎಲ್ಲರಿಗೂ ಗೊತ್ತು. ಹೆಡ್ಮಾಸ್ತರರಿಗೆ ಗೊತ್ತಿರಲಿಲ್ಲ.

ಅವರು ಒಬ್ಬ ಗೌಂಡಿಯನ್ನು ಕರೆಸಿದರು. ಅವನು ಮೇಲೆ ನೋಡಿದ, ಒಟ್ಟಿದ ಕಲ್ಲು ನೋಡಿದ. "ಮೊದಲಿನ ಗೌಂಡಿ ಯಾರ್ರಿ? ಆಯೇರಿ ತೊಗೊಂಡಾನೇನು?" ಎಂದು ಕೇಳಿದ. ಚಹಾ ಕುಡಿದು ಹೋದವನು ಮತ್ತೆ ಬರಲಿಲ್ಲ. ವಾಡಿಯವನು ಬಂದ, ಅವನದೂ ಅದೇ ಪ್ರಶ್ನೆ. ಚಿತ್ತಾಪುರದವನು ಬರುತ್ತೇನೆ ಅಂದವನು ಬರಲೇ ಇಲ್ಲ. ಗಡಿಯ ಆಚೆ ತಾಂಡೂರಿನಿಂದ ಒಬ್ಬ ತೆಲುಗಿನವನನ್ನು ಕರೆಸಿದರು. ಅವನು ಸ್ಟೇಷನ್ನಿನ ಮುಂದೆ ಬೀಡಿ ಸೇದಲು ನಿಂತಾಗ ಚೌಡೇಶ ಪಕ್ಕದಲ್ಲಿ ಕೂತು ನಾಲ್ಕು ಮಾತು ಆಡಿದ. ತಾಂಡೂರಿನವನು ಊರೊಳಗೇ ಬರದೆ ತಿರುಗಿ ಗಾಡಿ ಹತ್ತಿದ.

ಮಾಸ್ತರರು ಎಲ್ಲಿಂದಲೋ ಒಂದು ಕಬ್ಬಿಣದ ಏಣಿ ತರಿಸಿ ಹಚ್ಚಿದರು. ಪ್ರಮಿತಾ ಎರಡು ಕೋಲು ಹತ್ತಿ ಕಣ್ಣು ಮುಚ್ಚಿ ನಿಂತುಬಿಟ್ಟಳು. ಅಳಿಯನ ಮಂಚ ಮೇಲೆ ಹೋಗಲಿಲ್ಲ. ಪೂಜೆಗೆ ಬಂದ ಆಚಾರ್ಯರು ಮಡಿಯಲ್ಲಿ ಏಣಿ ಹತ್ತುವುದಿಲ್ಲ ಎಂದು ಹೇಳಿ ಹೊರಟುಹೋದರು. ಮುಹೂರ್ತ ತಪ್ಪಿತು. ಬಾಗಿಲು ಇದ್ದ ಖೋಲಿ, ಕಿಟಕಿ ಇದ್ದ ಖೋಲಿ, ದೇವರ ಗೂಡೂ ಇದ್ದ ಖೋಲಿ ಮೇಲೆ ನಿಂತೇ ಇತ್ತು. ನಾನು ದಿನಾ ಹಿಟ್ಟು ಬೀಸುತ್ತಾ ಕಣ್ಣು ತುಂಬ ನೋಡಿದೆ. ಸುಳ್ಳು ಯಾಕೆ ಹೇಳಲಿ, ಸಂತೋಷವಾಯಿತು.

ಕೊನೆಗೆ ಯಾರೋ ಆಯೇರಿಯ ವಿಷಯ ಬಿಡಿಸಿ ಹೇಳಿರಬೇಕು. ಒಂದು ಸಂಜೆ ಮಾಸ್ತರರು ತಾಟಿನಲ್ಲಿ ಬಟ್ಟೆ ಇಟ್ಟುಕೊಂಡು ನನ್ನ ಗಿರಣಿಗೆ ಬಂದರು.

"ನಡಿ ಕಲ್ಯಾಣಪ್ಪ. ನಿನ್ನ ಮಾತು ಕೇಳ್ತಾನ ಅವ."

"ಗಿರಣಿ ಸಪ್ಪಳದಾಗ ನಂಗ ಕೇಳಸಂಗಿಲ್ರಿ ಸರ್," ಅಂದೆ. ಆದರೂ ಹೋದೆ. ನೋಡದೆ ಬಿಡಲು ಮನಸ್ಸಾಗಲಿಲ್ಲ.

ದೇವೀಂದ್ರಪ್ಪ ಖಣಿಯ ಅಂಚಿನಲ್ಲಿ ಝೋಪಡಿ ಹಾಕಿಕೊಂಡಿದ್ದ. ಮತ್ತದೇ ತಗಡು, ಇನ್ನೂ ಕೆಳಗೆ. ಹಣಮಮ್ಮ ಒಳಗಿನಿಂದಲೇ ಅಂದಳು: "ಬರ್ರಿ ಸರ್. ಬಗ್ಗಿ ಬರ್ರಿ, ತಗಡು ಬಡೀತದ. ನಮಗೇನು ರೂಢಿ ಅದ."

ಹೆಡ್ಮಾಸ್ತರರು ಬಗ್ಗಿದರು. ಅಷ್ಟು ಸಾಲಲಿಲ್ಲ, ಹಣೆ ಬಡಿಯಿತು. ಇನ್ನೂ ಬಗ್ಗಿದರು. ಒಳಗೆ ನಿಲ್ಲಲಾಗದೆ ತಾಟು ಹಿಡಿದುಕೊಂಡೇ ಹಿಂದಕ್ಕೆ ಸರಿದು ಹೊರಗೆ ಬಂದರು. ಅಷ್ಟರಲ್ಲಿ ಸುತ್ತಲ ಝೋಪಡಿಗಳ ಜನ ಬಂದು ನಿಂತಿದ್ದರು. ಚೌಡೇಶ ಇದ್ದ. ಉಗುರಿಲ್ಲದ ಹೆಬ್ಬೆರಳಿನ ಮರೆಮ್ಮ ಇದ್ದಳು.

"ತೊಗೋ ದೇವೀಂದ್ರಪ್ಪ. ಜರಿ ಅಂಚಿನ ಧೋತರ. ನಿನ್ನ ಹೆಂಡ್ತಿಗೆ ಸೀರಿ ಅದ."

"ಕೆಲಸ ಮುಗದಿಲ್ರಿ ಸರ್," ದೇವೀಂದ್ರಪ್ಪ ಹೇಳಿದ. "ಮೆಟ್ಟಲ ಉಳದಾವು. ಕಟ್ತೀನಿ, ಇಲ್ಲ ಅನ್ನಂಗಿಲ್ಲ. ಮೊದಲ ನನ್ನ ಹೆಂಡ್ತಿ ಮಗಳು ಏಣಿ ಹತ್ತಿ ಮ್ಯಾಲೆ ಹೋಗಿ ಕುಂದರ್ಲಿ. ನೀವು ಕೊಟ್ಟ ಮಾತು ಹಾಂಗ ಇರ್ಲಿ. ಆಮ್ಯಾಲೆ ಮೆಟ್ಟಲ ಕಟ್ಟಿ, ಎಲ್ಲಾರ ಮುಂದ ಆಯೇರಿ ತೊಗೋತೀನಿ."

"ಪೋಲೀಸರಿಗೆ ಹೇಳಬೇಕಾಗ್ತದ ನೋಡು."

ಚೌಡೇಶ ಮುಂದೆ ಬಂದ. "ಹೇಳ್ರಿ ಸರ್. ಧೋತರ ಒಲ್ಲೆ ಅಂದ್ರ ಯಾವ ಕೇಸ್ ಹಾಕ್ತಾರ ಅಂತ ನಾವೂ ನೋಡ್ತೀವಿ."

ಯಾರೋ ನಕ್ಕರು. ಮಾಸ್ತರರ ಮುಖ ಕಪ್ಪಿಟ್ಟಿತು. ಅವರು ಶ್ರುತಿಯ ಕಡೆ ತಿರುಗಿದರು. ದನಿ ತಗ್ಗಿಸಿದರು.

"ನೀ ನಾಳೆ ಸಾಲಿಗೆ ಬರಾಕಿ ಇದ್ದೀಯಲ್ಲ? ನನ್ನ ಕೈಯಾಗೇ ಪಾಸ್ ಆಗಬೇಕಲ್ಲ? ನಿಮ್ಮಪ್ಪಗ ಬುದ್ಧಿ ಹೇಳು."

ಹಣಮಮ್ಮ ಮಗಳ ಮುಂದೆ ಬರಲು ಹೋದಳು. ಹುಡುಗಿ ಅಮ್ಮನ ಕೈ ಸರಿಸಿದಳು.

"ಬರ್ತೀನ್ರಿ ಸರ್. ಪ್ರಾರ್ಥನಾದಾಗ ಮುಂದಿನ ಸಾಲಿನಾಗೇ ನಿಂದರ್ತೀನಿ. ತಲಿ ಎತ್ತಿ ನಿಂದ್ರು ಅಂತ ನೀವೇ ಹೇಳೀರಲ್ರಿ."

ಅವಳ ಕತ್ತು ನೆಟ್ಟಗಿತ್ತು. ಆ ಹುಡುಗಿ ಇಷ್ಟು ಎತ್ತರ ಇದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಮಾಸ್ತರರು ತಾಟು ಹಿಡಿದು ಬಂದ ದಾರಿಯಲ್ಲೇ ಹೋದರು. ನಾನು ಅವರ ಜೊತೆ ಹೋಗಲಿಲ್ಲ.

ಮಗಳು ಅಳಿಯ ಬೇರೆ ಕಡೆ ಮನೆ ಹಿಡಿದರು. ಖೋಲಿ ಇವತ್ತಿಗೂ ಹಾಗೇ ಇದೆ. ಬಾಗಿಲಿನ ಕೆಳಗೆ ಬರೀ ಗೋಡೆ. ಒಳಗೆ ಪಾರಿವಾಳಗಳು ಸಂಸಾರ ಹೂಡಿವೆ. ಕಟ್ಟಿದವರು ತಗಡಿನ ಕೆಳಗೇ ಇದ್ದಾರೆ. ಇದನ್ನು ಗೆದ್ದೆವು ಎಂದು ನಾನು ಹೇಳುವುದಿಲ್ಲ, ಹೇಳಿದರೆ ಹಣಮಮ್ಮ ನನ್ನ ಮುಖಕ್ಕೆ ಹಿಟ್ಟು ಎರಚುತ್ತಾಳೆ.

ಏಣಿ ಝೋಪಡಿಯ ಹೊರಗೆ ಒರಗಿದೆ. ಮೊನ್ನೆ ಹೋದಾಗ ಯಾರೋ ಅದರ ಮೇಲೆ ಒದ್ದೆ ಬಟ್ಟೆ ಹರವಿದ್ದರು. ಹಣಮಮ್ಮ ಬಂದು ಬಟ್ಟೆ ತೆಗೆದು, ಒಂದೊಂದು ಅಡ್ಡಕೋಲನ್ನೂ ಕೈಯಿಂದ ಜಗ್ಗಿ ನೋಡಿದಳು. ಸಡಿಲಾದ ಒಂದಕ್ಕೆ ಹೊಸ ಹಗ್ಗ ಬಿಗಿದಳು.

"ಇದು ಬಟ್ಟಿ ಹಾಕಾದಲ್ಲ," ಅಂದಳು. "ಹತ್ತಾದು ಅದ."