ಲಾಭದ ಗುಬ್ಬಿ

ನನಗೆ ಸಿಟ್ಟು ಬೇಗ. ರಂಗಂಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ, "ಕಿರಾಣಿ ಪಂಪಣ್ಣ ಹೌದಲ್ರಿ, ಮೂಗಿನ ತುದಿ ಮ್ಯಾಲೇ ಸಿಟ್ಟು" ಅನ್ನುತ್ತಾರೆ. ಆದರೆ ನೀವೇ ಹೇಳಿ. ಕಾಲುವೆ ಬಂದ ಮೇಲೆ ಹುಣಸಗಿಯಿಂದ ನಮ್ಮೂರಿನ ತನಕ ಎಲ್ಲಿ ನೋಡಿದರೂ ಭತ್ತವೇ ಭತ್ತ, ರೊಟ್ಟಿಗೆ ಒಳ್ಳೆಯ ಜೋಳ ಸಿಗುವುದೇ ಕಷ್ಟ. ಅಂಥಾದ್ದರಲ್ಲಿ ಮುದನಾಳದ ಬೀಗರು ಪ್ರೀತಿಯಿಂದ ಕಳಿಸಿದ ಬಿಳಿಜೋಳದ ತೆನೆಗಳನ್ನು ಹೆಂಡತಿ ಗೊಂಚಲು ಕಟ್ಟಿ ಹಿತ್ತಲಿನ ಸೂರಿಗೆ ತೂಗುಬಿಟ್ಟರೆ ಯಾವ ಗಂಡನಿಗೆ ಸಿಟ್ಟು ಬರುವುದಿಲ್ಲ?

"ಏನಿದು ಪಾರೂ, ಯಾವ ಹಬ್ಬ?"

"ಗುಬ್ಬಿಗೆ ರೀ."

"ಮತ್ತ ನನಗ?"

"ನಿಮಗ ಅಕ್ಕಿ ಅದಲ್ಲ. ಅಂಗಡಿ ತುಂಬ ಅದ."

ಇದೆಲ್ಲ ದೇವಕಮ್ಮ ಟೀಚರ್ ಹಚ್ಚಿದ ಹುಚ್ಚು. ಅವರು ಸುರಪುರದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ, ಮನೆ ನಮ್ಮ ಓಣಿಯ ಕೊನೆಗೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಮನೆಮನೆಯ ಹಿತ್ತಲಿನಲ್ಲಿ ವರ್ಷವಿಡೀ ಹಕ್ಕಿ ಎಣಿಸುವ ಕೆಲಸಕ್ಕೆ ಅವರು ಜನರನ್ನು ಕೂಡಿಸುತ್ತಿದ್ದರು. "ವಿಜ್ಞಾನಿಗಳು ಎಷ್ಟ ಮಂದಿ ಹಿತ್ತಲಕ್ಕಂತ ಹೋಗ್ತಾರ್ರಿ ಅಕ್ಕಾರ? ಮನ್ಯಾಗ ಇದ್ದವರೇ ಎಣಿಸಬೇಕು" ಅಂದರು. ನಿಯಮ ಸರಳ. ಪ್ರತಿ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕೂರಬೇಕು. ಒಂದೇ ಹೊತ್ತಿಗೆ ಅತಿ ಹೆಚ್ಚು ಎಷ್ಟು ಹಕ್ಕಿ ಕಂಡವೋ ಅಷ್ಟನ್ನು ಫೋನಿನಲ್ಲಿ ಕಳಿಸಬೇಕು. ಏನೂ ಬರದಿದ್ದರೆ ಸೊನ್ನೆ ಒತ್ತಬೇಕು.

ಆ ಸೊನ್ನೆಯೇ ಎಲ್ಲ ಕೆಡಿಸಿತು.

ನಮ್ಮದು ಕಾಳುಕಡಿ ವ್ಯಾಪಾರದ ಮನೆತನ, ಪಾರೂನ ತವರೂ ಅದೇ. ನಮ್ಮಲ್ಲಿ ಕಾಳು ಇರುವ ಜಾಗದಲ್ಲಿ "ಇಲ್ಲ" ಅನ್ನುವ ಮಾತು ಆಡುವುದಿಲ್ಲ. ಅಂಗಡಿಯಲ್ಲಿ ಸಕ್ಕರೆ ತೀರಿದರೆ "ನಾಳೆ ಬರ್ತದ" ಅನ್ನುತ್ತೇವೆ. ಅಡುಗೆಮನೆಯಲ್ಲಿ ಅಕ್ಕಿ ಮುಗಿದರೆ "ಅಕ್ಕಿ ಹೆಚ್ಚ್ಯಾದ" ಅನ್ನುತ್ತೇವೆ. ಸೇರಿನಿಂದ ಅಳೆಯುವಾಗಲೂ ಒಂದು ಅನ್ನದೆ "ಲಾಭ" ಎಂದೇ ಶುರು ಮಾಡುವುದು. ಲಾಭ, ಎರಡು, ಮೂರು, ಹೀಗೆ. ಇಂಥ ಮನೆಯ ಹೆಂಗಸಿಗೆ, ಬೆಳಿಗ್ಗೆ ಮಿಂದು ತೆನೆಯ ಕೆಳಗೆ ಕೂತು ಸೊನ್ನೆ ಒತ್ತು ಅಂದರೆ ಒತ್ತುತ್ತಾಳೆಯೆ?

ಮೊದಲ ವರ್ಷ ಮಳೆಗಾಲದಲ್ಲಿ ಗೀಜಗ ಬಂದವು, ಚಳಿಯಲ್ಲಿ ರಾಟವಾಳ ಬಂದವು, ಗುಬ್ಬಿಯಂತೂ ದಿನಾ ಓಣಿಯ ಹೆಂಗಸರ ಹಾಗೆ ಜಗಳಾಡಿಕೊಂಡು ತಿಂದವು. ಬೇಸಿಗೆ ಬಂದದ್ದೇ ತಡ, ಒಂದೂ ಕಾಣಲಿಲ್ಲ. ಪಾರೂ ಪ್ರತಿ ಭಾನುವಾರ ಖಾಲಿ ಹಿತ್ತಲಿಗೆ ಕೈಮುಗಿದು "ಲಾಭ" ಅಂದಳು, ಗುಬ್ಬಿಯ ಮುಂದೆ ಒಂದು ಎಂದು ಒತ್ತಿದಳು. ಅವಳ ಮನಸ್ಸಿನಲ್ಲಿ ಅದು ಸುಳ್ಳಾಗಿರಲಿಲ್ಲ. ಬರುವ ಹಕ್ಕಿಗೆ ಹಿಡಿದಿಟ್ಟ ಜಾಗ ಅದು.

ವರ್ಷದ ಕೊನೆಗೆ ಸುರಪುರದಲ್ಲಿ ಎಣಿಕೆಯವರ ಸಭೆ ಆಯಿತು. ಗೋಡೆಯ ಮೇಲೆ ದೇವಕಮ್ಮ ಟೀಚರ್ ಎಲ್ಲರ ಮನೆಯ ಎಣಿಕೆಯ ಏರಿಳಿತದ ಗೆರೆಗಳನ್ನು ತೋರಿಸಿದರು. ಬೇಸಿಗೆಯಲ್ಲಿ ಕಾಲುವೆ ಕಡೆಯ ಊರುಗಳ ಗೆರೆಯೆಲ್ಲ ನೆಲ ಮುಟ್ಟಿದ್ದವು. ನಮ್ಮ ಮನೆಯ ಗೆರೆ ಮಾತ್ರ ಒಂದರ ಮೇಲೆ ಕದಲದೆ ನಿಂತಿತ್ತು.

"ಅಕ್ಕಾರ, ಇದು ಪಂಜರದ ಗುಬ್ಬಿ ಏನ್ರಿ?" ಟೀಚರ್ ಕೇಳಿದರು.

ಪಾರೂ ಎದ್ದು ನಿಂತು ಲಾಭದ ವಿಷಯ ಹೇಳಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರ್ ನಗಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನಿಮ್ಮ ಮನಸ್ಸು ತಿಳೀತದ್ರಿ. ಆದ್ರ ಲೆಕ್ಕ ಸುಳ್ಳಾಗ್ತದ. ಈ ವರ್ಷದ ನಿಮ್ಮ ಹಿತ್ತಲದ ಲೆಕ್ಕ ಕೈಬಿಡಬೇಕಾಗ್ತದ. ಇನ್ನೊಂದ್ ಸಲ ಹಿಂಗಾದ್ರ ನಿಮ್ಮ ಮನೀನೇ ಎಣಿಕ್ಯಾಗಿಂದ ತೆಗಿಬೇಕಾಗ್ತದ್ರಿ."

ಮನೆಗೆ ಬರುವಾಗ ಆಟೋದಲ್ಲಿ ಪಾರೂ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಿಮ್ಮ ತಕ್ಕಡಿಗೆ ಇವತ್ತಿನ ತನ ಯಾರಾರ ಬೆರಳು ಮಾಡ್ಯಾರೇನ್ರಿ? ನನ್ನ ಲೆಕ್ಕಕ್ಕ ಮಾಡಿದ್ರು. ಅಷ್ಟೂ ಮಂದಿ ಮುಂದ." ನನಗೆ ಟೀಚರ್ ಮೇಲೂ ಸಿಟ್ಟು ಬಂತು, ನಕ್ಕವರ ಮೇಲೂ ಬಂತು. ಅವಳ ಮೇಲೆ ಮಾತ್ರ ಬರಲಿಲ್ಲ.

ಎರಡನೇ ವರ್ಷ ಅವಳು ಪಟ್ಟು ಹಿಡಿದು ಕೂತಳು. ಮಳೆಗಾಲ, ಚಳಿಗಾಲ ಚೆನ್ನಾಗಿ ಹೋದವು. ಸಂಕ್ರಾಂತಿಯ ಹೊತ್ತಿಗೆ ಗುಬ್ಬಿಗಳು ಇಪ್ಪತ್ತರ ಮೇಲಿದ್ದವು. ಹಿಂಗಾರಿ ಭತ್ತ ಕೊಯ್ಲಾಯಿತು, ಕಾಲುವೆ ಬಂದ್ ಮಾಡಿದರು, ಬಿಸಿಲು ನೆತ್ತಿಗೆ ಬಂತು. ಮುಂದಿನ ಭಾನುವಾರ ಹಿತ್ತಲು ಖಾಲಿ.

ಪಾರೂ ಫೋನ್ ಹಿಡಿದು ಬಹಳ ಹೊತ್ತು ಕೂತಳು. "ಹೆಂಗ ಒತ್ತಲ್ರಿ ಇದನ್ನ? ಕೈ ಬರಲೊಲ್ದು."

"ಒತ್ತು. ಮನಿ ಏನ ಮುಳುಗೂದಿಲ್ಲ."

ಕಣ್ಣು ಮುಚ್ಚಿ ಸೊನ್ನೆ ಒತ್ತಿದಳು. ಆಮೇಲೆ ದೇವರ ಜಗಲಿಯ ಮುಂದೆ ದೀಪ ಹಚ್ಚಿ ಬಂದಳು. ಬಂದವಳು ಸುಮ್ಮನಿರಲಿಲ್ಲ, ಆ ಸೊನ್ನೆಯನ್ನೇ ದಿಟ್ಟಿಸಿದಳು.

"ಕಾಲುವೆ ಬಂದ್ ಆಗಿದ್ದು ಯಾವಾಗ್ರಿ?"

"ಇದೇ ವಾರ. ಯಾಕ?"

ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಮನಿಗಿ ಬಂದವರಿಗಿ ನಾವು ಮೊದ್ಲ ಏನ ಕೊಡ್ತೀವ್ರಿ? ಒಂದ ಚೊಂಬು ನೀರು. ಊಟದ ಮಾತು ಆಮ್ಯಾಲೆ. ನಾ ಈ ಹಕ್ಕಿಗೋಳಿಗಿ ಬರೇ ಊಟಕ್ಕ ಇಟ್ಟೀನಲ್ಲ! ನೀರಿಗಿ ಕಾಲುವಿಗಿ ಹೋಗ್ತಿದ್ದವು. ಕಾಲುವೆ ಒಣಗಿದ ಕೂಡ್ಲೇ ಊರೇ ಬಿಟ್ಟಾವ. ಹ್ವಾದ ವರ್ಷ ಖರೇ ಸೊನ್ನಿ ಒತ್ತಿದ್ರ ಹ್ವಾದ ವರ್ಷಾನೇ ತಿಳೀತಿತ್ತು."

ನಮ್ಮ ಅಂಗಡಿಯ ಮುಂದೆ ಹಿಂದಿನ ಕಾಲದ ಒಂದು ಕಲ್ಲಿನ ದೋಣಿ ಬಿದ್ದಿತ್ತು. ಕಾಳು ತಂದ ಗಾಡಿಯ ಎತ್ತುಗಳು ಅದರಲ್ಲಿ ನೀರು ಕುಡಿಯುತ್ತಿದ್ದವು. ಅದನ್ನು ಹಿತ್ತಲಿಗೆ ಸಾಗಿಸಬೇಕೆಂದು ಅಪ್ಪಣೆಯಾಯಿತು. ನಾನು, ಪಕ್ಕದ ಮನೆಯ ಟೇಲರ್ ಖಾಜಾಹುಸೇನ, ಜೊತೆಗೆ ಇಬ್ಬರು ಹಮಾಲರು ಸೇರಿ ಬೆವರು ಸುರಿಸಿ ಎಳೆದೆವು.

"ಗುಬ್ಬಿಗಿ ಈಜು ಕಲಿಸ್ತೀ ಏನು, ಪಂಪಣ್ಣ?" ಅಂದ ಖಾಜಾಹುಸೇನ.

"ಸುಮ್ನ ಎಳಿಯೋ ಮಾರಾಯ! ನನ್ನ ಸೊಂಟ ಬಿದ್ದೋಗಾಕತ್ತದ."

ಬೇವಿನ ನೆರಳಿಗೆ ದೋಣಿ ಇಟ್ಟೆವು. ಗುಬ್ಬಿ ಮುಳುಗಬಾರದೆಂದು ಪಾರೂ ಒಳಗೆ ಚಪ್ಪಟೆ ಕಲ್ಲುಗಳನ್ನು ಜೋಡಿಸಿದಳು. ನಳದ ನೀರು ಎಂದೋ ಒಮ್ಮೆ ಬರುವ ಕಾಲ. ನನ್ನ ಸ್ನಾನದ ಕೊಡವೇ ಅಲ್ಲಿಗೆ ಹೋಯಿತು. ನಾನು ಕೂಗಾಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ನೀರು ಇಟ್ಟ ಕೂಡಲೇ ಬರಲಿಕ್ಕೆ ಅವೇನು ಅಳಿಯಂದಿರೆ? ಮುಂದಿನ ಭಾನುವಾರ ಸೊನ್ನೆ. ಅದರ ಮುಂದಿನದೂ ಸೊನ್ನೆ. ಪಾರೂ ಪ್ರತಿ ಸಲ ತುಟಿ ಕಚ್ಚಿ ಒತ್ತಿದಳು. ದೋಣಿ ತಿಕ್ಕಿ ತೊಳೆದಳು, ಹೊಸ ನೀರು ತುಂಬಿದಳು. ಅವಳ ಮುಖ ನೋಡಲಾಗದೆ ನಾನೇ ಒಂದು ದಿನ, ಯಾರಿಗೂ ಹೇಳಬೇಡಿ, ಬೇವಿನ ಕೆಳಗೆ ನಿಂತು ಗುಬ್ಬಿಯ ಹಾಗೆ ಚಿಂವ್ ಚಿಂವ್ ಅಂದು ಕರೆದೆ.

ಆಮೇಲೆ ಒಂದು ಭಾನುವಾರ ಬೇವಿನಿಂದ ಒಂದು ಗಂಡು ಗುಬ್ಬಿ ಇಳಿಯಿತು. ಕಪ್ಪು ಗಡ್ಡ, ಬೂದು ನೆತ್ತಿ. ನೀರು ಕುಡಿದು ತೆನೆಗೆ ಜೋತುಬಿದ್ದು ಕಾಳು ಒಡೆಯಿತು. ಪಾರೂ ನನ್ನ ಕೈ ಚಿವುಟಿದಳು. ಅರ್ಧ ಗಂಟೆ ಮುಗಿಯಿತು, ಎರಡನೆಯದು ಬರಲಿಲ್ಲ. ಸಂತೋಷ ಅಲ್ಲೇ ಇಂಗಿತು.

"ಒಂದು! ಈಗ ಒಂದು ಅಂತ ಬರದ್ರ ಯಾರ ನಂಬ್ತಾರ್ರಿ? ಹ್ವಾದ ವರ್ಷದ ಒಂದೂ ಒಂದೇ, ಈ ಒಂದೂ ಒಂದೇ."

"ಹಂಗಾರ ಸೊನ್ನಿ ಬರಿ. ತಕರಾರೇ ಬ್ಯಾಡ."

ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. "ಬಂದವನಿಗಿ ಬಂದಿಲ್ಲ ಅಂತ ಬರೀಲೇನ್ರಿ? ಅದೂ ಸುಳ್ಳೇ. ನಾ ಬರಿಯಾಂಗಿಲ್ಲ." ಒಂದು ಎಂದು ಒತ್ತಿದಳು.

ಸಂಜೆಗೆ ಟೀಚರ್ ಫೋನ್ ಬಂತು. "ಅಕ್ಕಾರ, ಮತ್ತ ಒಂದಾ?" ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಪಾರೂ ವಾದ ಹೂಡಲಿಲ್ಲ. "ಬರೂ ಭಾನುವಾರ ನೀವೇ ಬಂದು ಕೂತು ಎಣಿಸ್ರಿ. ನೀವು ಎಣಿಸಿದ್ದೇ ಲೆಕ್ಕ. ಸೊನ್ನಿ ಆದ್ರ ನನ್ನ ಹೆಸರು ತೆಗೀರಿ" ಎಂದಳು.

ಈ ಮಾತು ಓಣಿಗೆಲ್ಲ ಹರಡಿತು. ಹರಡಿದ್ದು ಖಾಜಾಹುಸೇನ, ಇನ್ಯಾರು? ಭಾನುವಾರ ಬೆಳಿಗ್ಗೆ ಟೀಚರ್ ಬರುವ ಹೊತ್ತಿಗೆ ಗೋಡೆಯಾಚೆ ಅರ್ಧ ಓಣಿಯೇ ತಲೆ ಎತ್ತಿ ನಿಂತಿತ್ತು. ಇಷ್ಟು ಜನರನ್ನು ಕಂಡು ಯಾವ ಹಕ್ಕಿ ಬಂದೀತು? ನಾನು ಕಲ್ಲು ಎತ್ತಿಕೊಳ್ಳುವುದೊಂದು ಬಾಕಿ, ಎಲ್ಲರನ್ನೂ ಬೈದು ಕೂರಿಸಿದೆ. "ಯಾರರ ಕೆಮ್ಮಿದ್ರ ಅಂಗಡ್ಯಾಗ ಉದ್ರಿ ಬಂದ್!" ಅಂದೆ. ಒಬ್ಬರೂ ಕೆಮ್ಮಲಿಲ್ಲ.

ಟೀಚರ್ ಗಡಿಯಾರ ನೋಡಿ ಕೂತರು. ಪಾರೂ ಬಾಗಿಲ ಹೊಸ್ತಿಲಲ್ಲಿ ಕೂತಳು. ನೀರು ಅಲ್ಲಾಡಲಿಲ್ಲ, ತೆನೆ ಅಲ್ಲಾಡಲಿಲ್ಲ. ಅರ್ಧ ಗಂಟೆಯಲ್ಲಿ ಬಹುಪಾಲು ಕಳೆದೇಹೋಯಿತು. ಟೀಚರ್ ಒಮ್ಮೆ ಪಾರೂನ ಕಡೆ ನೋಡಿ ಕಣ್ಣು ತಗ್ಗಿಸಿದರು. ನನ್ನ ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು.

ಆಗ ಆ ಗಡ್ಡದವನೇ ಬಂದ. ಬೇವಿನ ತುದಿಯಲ್ಲಿ ಕೂತು ಕೆಳಗೆ ನೋಡಿ ಬಾಯಿ ಹರಿಯುವ ಹಾಗೆ ಕೂಗಿದ. ಕೂಗಿ ದೋಣಿಗೆ ಇಳಿದ. ಅವನ ಹಿಂದೆ ಒಂದು ಹೆಣ್ಣು, ಆಮೇಲೆ ಮೂರು, ಆಮೇಲೆ ಗೋಡೆಯ ಆಚೆಯಿಂದ, ಖಾಜಾಹುಸೇನನ ತಗಡಿನ ಮೇಲಿಂದ, ಎಲ್ಲೆಲ್ಲಿಂದಲೋ ಗುಬ್ಬಿಗಳು ಸುರಿದವು. ನೀರಿನಲ್ಲಿ ಪುಚುಪುಚು ಮಿಂದವು, ತೆನೆಯ ಮೇಲೆ ಕಿತ್ತಾಡಿದವು. ನನಗೆ ತಡೆಯಲಾಗಲಿಲ್ಲ. ಅಂಗಡಿಯಲ್ಲಿ ಕಾಳು ಅಳೆಯುವಾಗಿನ ದನಿ ತಾನಾಗಿಯೇ ಬಂತು, ಮೆಲ್ಲಗೆ ಶುರುವಾಗಿ ಏರುತ್ತಾ ಹೋಯಿತು.

"ಲಾಭ... ಎರಡು... ಮೂರು... ನಾಕು..."

ಗೋಡೆಯಾಚೆಯವರೂ ಪಿಸುದನಿಯಲ್ಲಿ ಜೊತೆಗೂಡಿದರು. ಟೀಚರ್ ಬೆರಳು ಚಾಚಿ ತಾವೂ ಎಣಿಸಿದರು. ನನ್ನದು ಇಪ್ಪತ್ತಾರಕ್ಕೆ ನಿಂತಿತು. ಟೀಚರ್ ನನ್ನ ಕಡೆ ತಿರುಗಿದರು. "ಇಪ್ಪತ್ತೇಳ್ರಿ ಅಣ್ಣಾರ. ಸೂರಿನ ಕೆಳಗ ಒಂದು ಮರಿ ಅದ, ನೋಡ್ರಿ." ಓಣಿಗೆ ಓಣಿಯೇ ಹೋ ಎಂದು ಕೂಗಿತು. ಗುಬ್ಬಿಗಳೆಲ್ಲ ಭರ್ರೆಂದು ಹಾರಿದವು, ಮತ್ತೆ ತಿರುಗಿ ಬಂದವು. ಟೀಚರ್ ಎದ್ದು ಹೋಗಿ ಪಾರೂನ ಎರಡೂ ಕೈ ಹಿಡಿದುಕೊಂಡರು. "ಕಾಲುವಿಗಿ ಇನ್ನಾ ನೀರೇ ಬಿಟ್ಟಿಲ್ಲ, ಅಕ್ಕಾರ. ಎಲ್ಲ ಮನ್ಯಾಗ ಸೊನ್ನಿ ಅದ. ನಿಮ್ಮ ಹಿತ್ತಲಕ್ಕ ಮಾತ್ರ ಬಂದಾವ!"

ಆ ವರ್ಷದ ಸಭೆಯಲ್ಲಿ ನಮ್ಮ ಮನೆಯ ಗೆರೆ ಎಲ್ಲರ ಹಾಗೆ ನೆಲಕ್ಕೆ ಬಿದ್ದಿತ್ತು. ಆಮೇಲೆ, ಬೇರೆ ಗೆರೆಗಳೆಲ್ಲ ಮಲಗಿದ್ದಾಗಲೇ, ಅದೊಂದು ಎದ್ದು ಮೇಲೇರಿತ್ತು. ಕಳೆದ ವರ್ಷ ನಕ್ಕ ಜನರ ಮುಂದೆಯೇ ಪಾರೂ ತಲೆ ಎತ್ತಿ ನಿಂತಳು. "ಕಾಲುವೆ ಬಂದ್ ಆದ ಮ್ಯಾಲೆ ನನ್ನ ಹಿತ್ತಲದಾಗ ಒಂದು ಗುಬ್ಬೀನೂ ಇರಲಿಲ್ಲ. ಬಿಲ್ಕುಲ್ ಇರಲಿಲ್ಲ. ಅದನ್ನ ಬರದ ಮ್ಯಾಲೇ ಯಾಕ ಇಲ್ಲ ಅಂತ ನನಗ ತಿಳೀತು. ನೀರು ಇಡ್ರಿ, ಬರ್ತಾವ." ಅಷ್ಟೇ ಹೇಳಿ ಕೂತಳು. ಚಪ್ಪಾಳೆಗೆ ಆ ಕೋಣೆ ಸಾಲಲಿಲ್ಲ. ಶಹಾಪುರದವರು, ಯಾದಗಿರಿಯವರು ದೋಣಿಯ ಅಳತೆ ಕೇಳಲು ಅವಳನ್ನು ಮುತ್ತಿಕೊಂಡರು. ನಾನು ಎಲ್ಲರಿಗೂ "ನನ್ನ ಹೆಂಡ್ತಿ ರೀ, ನನ್ನ ಹೆಂಡ್ತಿ" ಎಂದು ಹೇಳಿಕೊಂಡು ತಿರುಗಿದೆ.

ಮರುದಿನ ಬೆಳಿಗ್ಗೆ ಅಂಗಡಿಗೆ ಖಾಜಾಹುಸೇನ ಬಂದ. "ತೊಗರಿಬ್ಯಾಳಿ ಕೊಡು, ಪಂಪಣ್ಣ."

ಡಬ್ಬಿ ತೆರೆದೆ. ತಳ ಕಾಣುತ್ತಿತ್ತು. ನಮ್ಮಜ್ಜ, ನಮ್ಮಪ್ಪ, ನಾನು, ಈ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಯಾರೂ ಆಡದ ಮಾತು ನಾಲಿಗೆಯ ಮೇಲೆ ಬಂದು ನಿಂತಿತು. ಒಳಗೆ ಪಾರೂ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವಳೂ ಕಿವಿಗೊಟ್ಟಿದ್ದಳು.

"ಇಲ್ಲ!" ಅಂದೆ, ಗಟ್ಟಿಯಾಗಿ.

ಖಾಜಾಹುಸೇನ ಚೀಲ ಕೆಳಗೆ ಬಿಟ್ಟ. ಒಳಗಿಂದ ಪಾರೂ ನಕ್ಕದ್ದು ಹಿತ್ತಲಿನ ಗುಬ್ಬಿಗಳಿಗೂ ಕೇಳಿಸಿರಬೇಕು.