ಕ್ಷೌರದ ಮಿಲೋ ಮತ್ತು ಅಂಗಳದ ಹುಲ್ಲು

ಮಿಲೋ ವಾವ್ರಾ ಅವರು ಮಾತನಾಡುವಾಗ ನಮ್ಮ ಕಣ್ಣನ್ನು ನೋಡುವುದಿಲ್ಲ. ಕಿವಿಯ ಮೇಲಿನ ಕೂದಲನ್ನು ನೋಡುತ್ತಾರೆ. ನೆಬ್ರಾಸ್ಕಾದ ನಮ್ಮ ಪುಟ್ಟ ಊರಿನ ತಲೆಗಳಿಗೆಲ್ಲ ಆಯುಷ್ಯವಿಡೀ ಕತ್ತರಿಯಾಡಿಸಿದ ಕ್ಷೌರಿಕರಿಗೆ ಕುಶಲಪ್ರಶ್ನೆಯೆಂದರೆ ಅದೇ. ನನ್ನ ಬೋಳುತಲೆ ಎದುರಾದಾಗ ಮಾತ್ರ, ಹಳೆಯ ಗಿರಾಕಿಯ ಗೋರಿಯ ಮುಂದೆ ನಿಂತವರಂತೆ ತಲೆ ಬಾಗಿಸಿ, ಅನಂತರ ಹವಾಮಾನದ ವಿಚಾರಕ್ಕೆ ಬರುತ್ತಾರೆ.

ಅಂಗಡಿ ಮುಚ್ಚಿ ವರ್ಷಗಳಾದರೂ ಗಿಡ್ಡ ತೋಳಿನ ಬಿಳಿಯ ಕೋಟು ಅವರ ಮೈಯಿಂದ ಇಳಿದಿಲ್ಲ, ಬಾಚಣಿಗೆ ಅದರ ಎದೆಯ ಜೇಬನ್ನು ಬಿಟ್ಟಿಲ್ಲ. ಈಗ ಅದರಿಂದ ಬಾಚುವುದು ಹುಲ್ಲನ್ನು. ಊರಿನ ಅಂಗಳಗಳೆಲ್ಲ ಸಿಪಾಯಿಯ ತಲೆಯಂತೆ ಒಪ್ಪವಾಗಿರುವಾಗ, ಇವರ ಮನೆಯ ಮುಂದೆ ಮಾತ್ರ ಈ ಬಯಲಿನ ಮೂಲನಿವಾಸಿಯಾದ ಬ್ಲೂಸ್ಟೆಮ್ ಹುಲ್ಲು ಸೊಂಟದೆತ್ತರ ಬೆಳೆದು, ಬುಡದಲ್ಲಿ ನೀಲಿಯ ಛಾಯೆ ತಳೆದು, ಗಾಳಿ ಹೇಳಿದ ಕಡೆಗೆ ಬೈತಲೆ ತೆಗೆದುಕೊಂಡು ತೂಗುತ್ತದೆ. ಇವರ ಅಜ್ಜ ಯುರೋಪಿನ ಬೊಹೀಮಿಯಾದಿಂದ ಬಂದು ಇದೇ ಹುಲ್ಲಿನ ಬೇರಿನೊಡನೆ ಸೆಣಸಿ ನೇಗಿಲು ಮುರಿದುಕೊಂಡವರು; ಮೊಮ್ಮಗ ಅದನ್ನೇ ಗುಲಾಬಿಯಂತೆ ಸಾಕುತ್ತಾರೆಂದರೆ, ಚರ್ಚಿನ ಮೆಟ್ಟಿಲ ಮೇಲೆ ಕಾಫಿ ಹಿಡಿದು ನಿಂತವರಿಗೆ ಅದಕ್ಕಿಂತ ರುಚಿಯಾದ ತಿಂಡಿ ಬೇಡ.

ಕಾರಣ ಮಿಲೋ ಯಾರಿಗೂ ಹೇಳಿದವರಲ್ಲ. ರಜಾಯಿ ಹೊಲೆಯುವ ಕೂಟದಲ್ಲಿ ಅವರ ಹೆಂಡತಿ ಲಿಬ್ಬಿ ನನ್ನ ಹೆಂಡತಿಗೆ ಹೇಳಿದ್ದು ಇಷ್ಟು: ಊರಾಚೆಯ ಸ್ಮಶಾನದ ಒಂದು ಮೂಲೆಗೆ ಎಂದೂ ನೇಗಿಲು ಬಿದ್ದಿಲ್ಲ, ಅಲ್ಲಿ ಈ ಹುಲ್ಲು ಅಕ್ಟೋಬರಿನಲ್ಲಿ ತಾಮ್ರಗೆಂಪಾಗುತ್ತದೆ, ಅದಕ್ಕೆ ಮನೆಯ ಮುಂದೆ ಒಂದಿಷ್ಟು ಜಾಗ ಕೊಡೋಣವೆಂದರೆ ಮಿಲೋ ನಗುತ್ತಾರೆ. ಕೊನೆಗೆ ಆ ಮೂಲೆಯ ಪಕ್ಕದಲ್ಲೇ ಲಿಬ್ಬಿಗೆ ಜಾಗವಾಯಿತು. ಆ ವರ್ಷವೇ ಮಿಲೋ ಕೋಟಿನ ಜೇಬು ತುಂಬ ಬೀಜ ತಂದರು.

ಮೊದಮೊದಲು ಅಕ್ಕರೆ ಉಕ್ಕಿ ಗೊಬ್ಬರ, ನೀರು ಸುರಿದರು. ಹುಲ್ಲು ಹಬ್ಬದೂಟ ಉಂಡ ಅಳಿಯನಂತೆ ನೆಲಕ್ಕೊರಗಿತು. ಅರೆಹೊಟ್ಟೆಯಲ್ಲಿದ್ದರೇ ಅದು ನೆಟ್ಟಗೆ ನಿಲ್ಲುವುದೆಂದು ಮಿಲೋ ಕಲಿತರು. ಆ ಪಾಠ ನನ್ನ ಹೊಟ್ಟೆಗೆ ಇನ್ನೂ ತಲುಪಿಲ್ಲ.

ಎದುರು ಮನೆಯ ಡೆಲ್ಮರ್ ಸ್ಟಾರ್ಕ್ ಶಾಲೆಯ ದಿನಗಳಿಂದಲೂ ಅವರ ಗೆಳೆಯ. ಶನಿವಾರ ಬೆಳಗಾದರೆ ಹುಲ್ಲು ಕೊಯ್ಯುವ ಯಂತ್ರವನ್ನೇರಿ ರಾಜನಂತೆ ಅಂಗಳ ಸುತ್ತುವವನು.

"ಏನೋ ಮಿಲೋ, ಊರಿನ ತಲೆಯೆಲ್ಲ ಬೋಳಿಸಿ, ಮನೆ ಮುಂದೆ ಮಾತ್ರ ಜಟೆ ಬಿಟ್ಟಿದ್ದೀಯಲ್ಲೋ?"

"ಗಿರಾಕಿ ಕೇಳದೆ ಕತ್ತರಿ ಹಾಕಿದವನಲ್ಲ ನಾನು. ಇದಿನ್ನೂ ಕೇಳಿಲ್ಲ ಕಣೋ."

ಕಳೆದ ವರ್ಷ ಆಗಸ್ಟಿನಲ್ಲಿ ಮಿಲೋ ಸೊಂಟದ ಕೀಲು ಬದಲಿಸಿಕೊಳ್ಳಲು ಆಸ್ಪತ್ರೆ ಸೇರಿದರು. ಆಸ್ಪತ್ರೆ ಸೇರಿದವನ ಅಂಗಳವನ್ನು ನೆರೆಯವರು ಕೊಯ್ದು ಒಪ್ಪ ಮಾಡಿಡುವುದು ನಮ್ಮಲ್ಲಿ ಶಾಸ್ತ್ರ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆ ಹುಲ್ಲನ್ನು ಗೆಳೆಯನ ಬರಿಯ ಹುಚ್ಚೆಂದುಕೊಂಡಿದ್ದ ಡೆಲ್ಮರ್ ಚಾಚೂ ತಪ್ಪದೆ ಶಾಸ್ತ್ರ ನೆರವೇರಿಸಿದ. ಇನ್ನೇನು ತೆನೆಬಿಡಲಿದ್ದ ಬ್ಲೂಸ್ಟೆಮ್ ನೆಲಸಮವಾಯಿತು. ಮೇಲಿಂದ ಧಾರಾಳವಾಗಿ ಗೊಬ್ಬರ, ನೀರು. ಅದು ಲಿಬ್ಬಿಯ ಹುಲ್ಲೆಂದು ನನ್ನ ಹೆಂಡತಿ ಓಡಿಹೋಗಿ ಹೇಳುವ ಹೊತ್ತಿಗೆ ಕೆಲಸ ಮುಗಿದಿತ್ತು. ಡೆಲ್ಮರ್ ಯಂತ್ರ ಆರಿಸಿ, ಇಳಿಯುವುದನ್ನು ಮರೆತು, ಅದರ ಮೇಲೆಯೇ ಕುಳಿತಿದ್ದ.

ಮಿಲೋ ಮನೆಗೆ ಬಂದ ದಿನ ಅವನು ಗಸಗಸೆ ತುಂಬಿದ ಕೊಲಾಚೆ ಬನ್ನುಗಳ ಡಬ್ಬಿ ಹಿಡಿದು ಬೇಲಿಯ ಬಳಿ ನಿಂತಿದ್ದ. ನಾನೂ ನಿಂತಿದ್ದೆ, ಡಬ್ಬಿಯ ಆಸೆಯಿಂದಲ್ಲ ಎಂದು ಹೇಳಿಕೊಳ್ಳುತ್ತ. ಮಿಲೋ ಊರುಗೋಲಿನ ಮೇಲೆ ಭಾರ ಬಿಟ್ಟು ಅಂಗಳವನ್ನು ಬಹಳ ಹೊತ್ತು ನೋಡಿದರು. ಕೈ ತಾನಾಗಿ ಬಾಚಣಿಗೆಗೆ ಹೋಯಿತು, ಬಾಚಲು ಏನೂ ಇಲ್ಲದೆ ಮರಳಿತು. ಅನಂತರ ಡೆಲ್ಮರನ ಕಿವಿಯ ಮೇಲಿನ ಕೂದಲನ್ನು ನೋಡಿದರು.

"ಹಿಂದ್ಗಡೆ ಸ್ವಲ್ಪ ಜಾಸ್ತಿ ತೆಗೆದ್ಬಿಟ್ಟಿದ್ದೀಯ ಕಣೋ."

"ಲಿಬ್ಬಿದು ಅಂತ ಒಂದ್ಮಾತು ಹೇಳಬಾರದಿತ್ತಾ, ಮಿಲೋ?"

"ಬೆಳೆಯುತ್ತೆ ಬಿಡು."

ಕುರ್ಚಿಯಲ್ಲಿ ಕುಳಿತು ಕನ್ನಡಿ ನೋಡಿ ಅತ್ತ ಹುಡುಗರಿಗೆಲ್ಲ ಅವರು ಹೇಳಿ ಕಳಿಸುತ್ತಿದ್ದ ಮಾತದು. ಆದರೆ ಅಂದು ಅದರಲ್ಲಿ ಅಂಗಡಿಯ ಭರವಸೆ ಇರಲಿಲ್ಲ. ಆ ಅಕ್ಟೋಬರಿನಲ್ಲಿ ಸ್ಮಶಾನದ ಮೂಲೆ ಕೆಂಪಾಯಿತು, ಅಂಗಳ ಆಗಲಿಲ್ಲ. ಡೆಲ್ಮರ್ ಹಿಂದಿನ ಬೀದಿಯಿಂದ ಸುತ್ತಿ, ಹಿತ್ತಿಲ ಬಾಗಿಲಿನಿಂದ ಮನೆ ಸೇರುತ್ತಿದ್ದ.

ಮೇ ತಿಂಗಳಲ್ಲಿ ಬುಡಗಳು ನೀಲಿಯಾಗಿ ಚಿಗುರಿದವು. ಡೆಲ್ಮರನ ಗೊಬ್ಬರದ ದೆಸೆಯಿಂದ ನಾಲ್ಕಾರು ಬುಡಗಳು ಅಳಿಯನಂತೆ ಮಲಗಿದ್ದು ನಿಜ. ಉಳಿದವು ಈ ಅಕ್ಟೋಬರಿನಲ್ಲಿ ತಾಮ್ರದಂತೆ ಉರಿಯುತ್ತಿವೆ. ಮಿಲೋಗೆ ಈಗ ಬಗ್ಗಲಾಗದು. ಸಂಜೆ ಡೆಲ್ಮರ್ ಬೀದಿ ದಾಟಿ ಬಂದು, ಮಂಡಿಯೂರಿ, ಅವರದೇ ಬಾಚಣಿಗೆಯಿಂದ ಒಣಗರಿಗಳನ್ನು ಬಾಚಿ ತೆಗೆಯುತ್ತಾನೆ. ಮಿಲೋ ಕುರ್ಚಿಯಲ್ಲಿ ಕುಳಿತು, "ಕಿವಿ ಹತ್ರ ಹುಷಾರು" ಎನ್ನುತ್ತಾರೆ.

ಕತ್ತರಿಯನ್ನು ನಂಬಿ ಬದುಕಿದ ಇಂಥವರಿಗೆ, ಹೋದದ್ದು ಮತ್ತೆ ಬೆಳೆಯುತ್ತದೆಂಬ ವಿಶ್ವಾಸ ಕಸುಬಿನೊಡನೆಯೇ ಬಂದಿರುತ್ತದೆ. ಬಾರದೆ ಉಳಿಯುವುದೂ ಉಂಟೆಂದು ಊರಾಚೆಯ ಆ ಮೂಲೆಯ ಗೋರಿಯೂ ನನ್ನ ತಲೆಯೂ ಅವರಿಗೆ ಸಾಕಷ್ಟು ತಿಳಿಸಿವೆ. ಆದರೂ ಇಂಥವರು ಎದುರು ಸಿಕ್ಕಾಗ ಮೊದಲು ನಮ್ಮ ಕಿವಿಯ ಮೇಲ್ಭಾಗವನ್ನೇ ನೋಡುತ್ತಾರೆ, ಏನಾದರೂ ಚಿಗುರಿದೆಯೇ ಎಂದು.